ಗೆಲುವು, ಸೋಲು, ಸಮ

ಕಳೆದ ಬೇಸಿಗೆ ರಜೆಯಲ್ಲಿ ಮನೆಗೆ ಬಂದಿದ್ದ ನನ್ನ ಅಕ್ಕನ ಮಗ ಹತ್ತು ಹಾಳೆಗಳ ಒಂದು ಪಟ್ಟಿಯನ್ನು ನನ್ನ ಕೈಗಿಟ್ಟ. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಎರಡು ಫುಟ್‌ಬಾಲ್ ಕ್ಲಬ್ಬುಗಳು, ಎವರ್ಟನ್ ಮತ್ತು ಲಿವರ್‌ಪೂಲ್, ಈವರೆಗೆ ಎದುರುಬದುರಾಗಿ ಆಡಿದ ಪಂದ್ಯಗಳ ಪಟ್ಟಿ. "ಚಿಕ್ಕಮ್ಮ, ನೀನು ಹಿಸ್ಟರಿ ಟೀಚರ್ ಅಲ್ವಾ, ಇದೂ ಹಿಸ್ಟರೀನೇ. ಓದು" ಎಂದ. ಅವನು ಲಿವರ್‌ಪೂಲ್ ಕ್ಲಬ್ಬಿನ ಭಕ್ತ. ಕೆಂಪು ಬನಿಯನ್ ಹಾಕಿಕೊಂಡೇ ಊಟಕ್ಕೆ ಕೂರುತ್ತಾನೆ. ನನ್ನ ಮಗಳು ಆ ಊರಿನಲ್ಲಿ ನರ್ಸ್ ಆಗಿರುವುದರಿಂದ, ಮತ್ತು 2023ರ ರಜೆಯಲ್ಲಿ ನಾನೂ ಅಲ್ಲಿ ಒಂದು ತಿಂಗಳು ಇದ್ದು ಬಂದದ್ದರಿಂದ, ಈ ವಿಷಯದಲ್ಲಿ ನನಗೂ ಒಂದಿಷ್ಟು ಬಾಯಿ ಹಾಕುವ ಹಕ್ಕಿದೆ ಎಂದುಕೊಂಡು ಓದಿದೆ.

ಓದಿ ಮುಗಿಸಿದಾಗ ಉತ್ತರಪತ್ರಿಕೆ ತಿದ್ದಿದ ಮೇಲೆ ಆಗುವ ಬೇಸರವೇ ಆಯಿತು. ತಾರೀಖು, ಮೈದಾನ, ಗೋಲುಗಳು, ಕೊನೆಗೆ ಗೆಲುವು, ಸೋಲು, ಸಮ ಎಂಬ ಮೂರು ಮನೆಗಳು. ತಪ್ಪೇನೂ ಇಲ್ಲ. ಆದರೆ ಇದನ್ನು ಚರಿತ್ರೆ ಎಂದು ಕರೆದದ್ದು ನನಗೆ ಚುಚ್ಚಿತು. ಚುಚ್ಚಲು ಕಾರಣವೂ ಇದೆ. ನಾಲ್ಕು ಮೈಸೂರು ಯುದ್ಧಗಳನ್ನು ನಾನು ಮೂವತ್ತು ವರ್ಷದಿಂದ ಹೀಗೆಯೇ ಕಪ್ಪು ಹಲಗೆಯ ಮೇಲೆ ಕೋಷ್ಟಕ ಹಾಕಿ ಮಕ್ಕಳಿಂದ ಉರುಹೊಡೆಸಿದ್ದೇನೆ: ಇಸವಿ, ಒಪ್ಪಂದ, ಯಾರು ಗೆದ್ದರು. ಆ ಮಕ್ಕಳಲ್ಲಿ ಒಬ್ಬನು ದೊಡ್ಡವನಾಗಿ ಇಂಥ ಪಟ್ಟಿ ತಂದುಕೊಟ್ಟರೆ ಬೈಯುವುದು ಯಾರನ್ನು?

ಪಟ್ಟಿ ಶುರುವಾಗುವುದು 1894ರ ಅಕ್ಟೋಬರ್ 13ರಿಂದ. ಮೈದಾನ ಗುಡಿಸನ್ ಪಾರ್ಕ್, ಎವರ್ಟನ್ 3, ಲಿವರ್‌ಪೂಲ್ 0. ಇವರಿಬ್ಬರ ಮೊದಲ ಲೀಗ್ ಪಂದ್ಯ ಅದು, ಸರಿಯೇ. ಅದಕ್ಕೆ ಒಂದೂವರೆ ವರ್ಷ ಮೊದಲೇ, 1893ರ ಏಪ್ರಿಲ್‌ನಲ್ಲಿ, ಸ್ಥಳೀಯ ಕಪ್ಪಿನ ಫೈನಲ್ಲಿನಲ್ಲಿ ಇಬ್ಬರೂ ಭೇಟಿಯಾಗಿ ಲಿವರ್‌ಪೂಲ್ ಒಂದು ಗೋಲಿನಿಂದ ಗೆದ್ದದ್ದು ಇದರಲ್ಲಿ ಇಲ್ಲ. ಅದನ್ನೂ ಬಿಡೋಣ. ಕಥೆ ಆರಂಭವಾಗುವುದು ಪಂದ್ಯದಿಂದಲೇ ಅಲ್ಲ, ಬಾಡಿಗೆಯಿಂದ.

1878ರಲ್ಲಿ ಸೇಂಟ್ ಡೊಮಿಂಗೊ ಎಂಬ ಮೆಥಡಿಸ್ಟ್ ಇಗರ್ಜಿಯ ಹುಡುಗರು ಕಟ್ಟಿಕೊಂಡ ತಂಡ ಮರುವರ್ಷ ಎವರ್ಟನ್ ಎಂದು ಹೆಸರು ಬದಲಿಸಿಕೊಂಡಿತು. ಮೊದಲು ಸ್ಟ್ಯಾನ್ಲಿ ಪಾರ್ಕ್ ಎಂಬ ಸಾರ್ವಜನಿಕ ಉದ್ಯಾನದಲ್ಲಿ ಆಡುತ್ತಿದ್ದವರು 1884ರಲ್ಲಿ ಆನ್‌ಫೀಲ್ಡ್ ಮೈದಾನಕ್ಕೆ ಹೋದರು. ಹೌದು, ಇವತ್ತು ಲಿವರ್‌ಪೂಲ್ ಕ್ಲಬ್ಬಿನ ತವರು ಎಂದು ಲೋಕವೆಲ್ಲ ಹೇಳುವ ಆನ್‌ಫೀಲ್ಡ್. ಅಲ್ಲಿ ಎಂಟು ವರ್ಷ ಆಡಿದವರು ಎವರ್ಟನ್. ಜಾನ್ ಹೌಲ್ಡಿಂಗ್ ಎಂಬ ಬಿಯರ್ ತಯಾರಕ ಕ್ಲಬ್ಬಿನ ಅಧ್ಯಕ್ಷನೂ ಆಗಿದ್ದ, ಮೈದಾನದ ಮಾಲೀಕನೂ ಆದ. ಆಟಗಾರರು ಬಟ್ಟೆ ಬದಲಿಸುತ್ತಿದ್ದದ್ದು ಅವನದೇ ಹೋಟೆಲಿನಲ್ಲಿ. ನೂರು ಪೌಂಡು ಇದ್ದ ಬಾಡಿಗೆ ಕೆಲವೇ ವರ್ಷಗಳಲ್ಲಿ ಇನ್ನೂರೈವತ್ತಕ್ಕೆ ಏರಿತು. ಎದುರು ನಿಂತವನು ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತಿದ್ದ ಜಾರ್ಜ್ ಮಹೋನ್. ಬಿಯರಿನವನಿಗೂ ಇಗರ್ಜಿಯವನಿಗೂ ನಡೆದ ಧರ್ಮಯುದ್ಧ ಎಂದು ಇದನ್ನು ಹೇಳಿಬಿಡಲು ಆಸೆಯಾಗುತ್ತದೆ. ಆದರೆ ಜಗಳದ ಮೂಲ ದುಡ್ಡು ಮತ್ತು ಯಜಮಾನಿಕೆ. ಅಂತೂ 1892ರಲ್ಲಿ ಮಹೋನನ ಕಡೆಯವರು ಪಾರ್ಕಿನ ಆಚೆ ಬದಿಗೆ ಹೋಗಿ ಗುಡಿಸನ್ ಪಾರ್ಕ್ ಕಟ್ಟಿಕೊಂಡರು. ಹೌಲ್ಡಿಂಗ್ ಎವರ್ಟನ್ ಎಂಬ ಹೆಸರನ್ನೂ ತನ್ನ ಬಳಿಯೇ ಉಳಿಸಿಕೊಳ್ಳಲು ನೋಡಿದ; ಆಗಲಿಲ್ಲ. ಮೈದಾನ ಇದೆ, ತಂಡ ಇಲ್ಲ. ಖಾಲಿ ಮೈದಾನಕ್ಕಾಗಿ ಹೊಸದಾಗಿ ಹುಟ್ಟಿಸಿದ ಕ್ಲಬ್ಬೇ ಲಿವರ್‌ಪೂಲ್.

ಮನೆ ಬಿಟ್ಟು ಹೊರಟವರಿಗೆ ಮನೆತನದ ಹೆಸರು, ಮನೆಯಲ್ಲೇ ಉಳಿದವರಿಗೆ ಗೋಡೆಗಳು. ನಮ್ಮ ತಂದೆ ಮತ್ತು ದೊಡ್ಡಪ್ಪ ಪಾಲಾದಾಗ ನಾನು ಆರನೇ ಕ್ಲಾಸು. ಪಾಲುಪಟ್ಟಿಯಲ್ಲಿ ತಾಮ್ರದ ಹಂಡೆಯಿಂದ ಹಿಡಿದು ಹಿತ್ತಲ ಹಲಸಿನ ಮರದ ತನಕ ಎಲ್ಲವೂ ಇತ್ತು, ಯಾಕೆ ಪಾಲಾದರು ಎಂಬುದೊಂದು ಬಿಟ್ಟು. ಅಕ್ಕನ ಮಗನ ಪಟ್ಟಿ ನೋಡಿದಾಗ ನನಗೆ ನೆನಪಾದದ್ದು ಆ ಸ್ಟಾಂಪು ಕಾಗದವೇ.

ಅಂಕಿಗಳು ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ. ಸುಳ್ಳು ಹೇಳದಿದ್ದರೂ ಬಾಯಿ ಮುಚ್ಚಿಕೊಂಡು ಕೂರುವುದುಂಟು. 1977ರ ಏಪ್ರಿಲ್‌ನ ಎಫ್.ಎ. ಕಪ್ ಸೆಮಿಫೈನಲ್ಲಿನ ಎದುರು 2–2, ಸಮ ಎಂದಿದೆ. ಅಂದು ಕೊನೆಯ ಗಳಿಗೆಯಲ್ಲಿ ಎವರ್ಟನ್‌ನ ಬ್ರಯನ್ ಹ್ಯಾಮಿಲ್ಟನ್ ಮೂರನೆಯ ಗೋಲು ಹೊಡೆದ, ರೆಫರಿ ಕ್ಲೈವ್ ಥಾಮಸ್ ಅದನ್ನು ತಳ್ಳಿಹಾಕಿದ. ಮರುಪಂದ್ಯದಲ್ಲಿ ಲಿವರ್‌ಪೂಲ್ 3–0 ಗೆದ್ದಿತು. ನನ್ನ ಮಗಳ ಪಕ್ಕದ ಮನೆಯಲ್ಲಿ ಎವರ್ಟನ್ ಅಭಿಮಾನಿಯಾದ ಒಬ್ಬ ಮುದುಕರಿದ್ದರು. ಬೇಲಿಯಾಚೆ ನಿಂತು ನನಗೆ ಆ ಗೋಲನ್ನು ಕೈಯಾಡಿಸಿ ವಿವರಿಸಿದರು. ಅವರ ಇಂಗ್ಲಿಷು ನನಗೆ ಅರ್ಧವೂ ತಿಳಿಯಲಿಲ್ಲ, ಸಂಕಟ ಮಾತ್ರ ಪೂರ್ತಿ ತಿಳಿಯಿತು. ನಲವತ್ತಾರು ವರ್ಷ ಕಳೆದಿದ್ದರೂ ಅವರ ಲೆಕ್ಕದಲ್ಲಿ ಆ ಪಂದ್ಯ 3–2.

ಇನ್ನೊಂದು ಸಾಲು: 2021ರ ಫೆಬ್ರವರಿ 20, ಆನ್‌ಫೀಲ್ಡ್, ಎವರ್ಟನ್‌ಗೆ 2–0 ಗೆಲುವು. 1999ರ ನಂತರ ಆ ಮೈದಾನದಲ್ಲಿ ಎವರ್ಟನ್ ಕಂಡ ಮೊದಲ ಗೆಲುವು ಇದು. ಇಪ್ಪತ್ತೊಂದು ವರ್ಷ ಕಾದದ್ದು ಕೊನೆಗೂ ಕೈಗೆ ಬಂದಾಗ ಕೊರೋನಾದಿಂದ ಗ್ಯಾಲರಿಗಳೆಲ್ಲ ಖಾಲಿ. ಕೂಗಲು ಒಬ್ಬ ಅಭಿಮಾನಿಯೂ ಇಲ್ಲ. ಮದುವೆಗೆ ಐದೇ ಜನ ಸೇರಿ ತಾಳಿ ಕಟ್ಟಿಸಿದ ಆ ವರ್ಷಗಳನ್ನು ಕಂಡ ನಮಗೆ ಇದು ಅರ್ಥವಾಗುತ್ತದೆ. ಪಟ್ಟಿಗೆ ಹೇಗೆ ಅರ್ಥವಾಗಬೇಕು? 1980ರ ಮಾರ್ಚ್ 1ರ ಸಾಲೂ ಅಷ್ಟೆ. ಗುಡಿಸನ್, ಲಿವರ್‌ಪೂಲ್‌ಗೆ 2–1 ಗೆಲುವು. ಒಂದೇ ಋತುವಿನಲ್ಲಿ 60 ಲೀಗ್ ಗೋಲು ಹೊಡೆದಿದ್ದ ಎವರ್ಟನ್‌ನ ಡಿಕ್ಸಿ ಡೀನ್, ಎಪ್ಪತ್ಮೂರನೆಯ ವಯಸ್ಸಿನಲ್ಲಿ ಆ ಪಂದ್ಯ ನೋಡಲು ಬಂದವನು, ಹೃದಯಾಘಾತವಾಗಿ ಅದೇ ಮೈದಾನದಲ್ಲಿ ತೀರಿಕೊಂಡ.

ಆದರೆ ಪಟ್ಟಿಯ ಮೇಲೆ ಮಾತ್ರ ಸಿಟ್ಟಾಗುವುದು ನ್ಯಾಯವಲ್ಲ. ಅಂಕಿ ಬಿಟ್ಟು ಕಥೆ ಬರೆಯುವವರು ಇನ್ನೊಂದು ಬಗೆಯಲ್ಲಿ ಹಾದಿ ತಪ್ಪುತ್ತಾರೆ. ಇವರಿಬ್ಬರ ಪಂದ್ಯಕ್ಕೆ 'ಸ್ನೇಹದ ಡರ್ಬಿ' ಎಂದು ಹೆಸರು. ಒಂದೇ ಮನೆಯಲ್ಲಿ ಅಣ್ಣ ಕೆಂಪು, ತಮ್ಮ ನೀಲಿ. ಒಂದೇ ಬಸ್ಸಿನಲ್ಲಿ ಹೋಗಿ ಅಕ್ಕಪಕ್ಕ ಕೂತು ನೋಡುತ್ತಾರೆ ಎಂದು ಬರೆಯುತ್ತಾರೆ. ಅದು ನಿಜವೇ. 1984ರ ಲೀಗ್ ಕಪ್ ಫೈನಲ್ಲಿಗೆ, 1986ರ ಎಫ್.ಎ. ಕಪ್ ಫೈನಲ್ಲಿಗೆ ಕೆಂಪು-ನೀಲಿ ಬೆರೆತ ಜನ ಲಂಡನ್ನಿಗೆ ಹೋದರು. ಹಡಗುಕಟ್ಟೆಗಳು ಮುಚ್ಚಿ, ಕೆಲಸ ಹೋಗಿ, ಇಡೀ ಊರೇ ದೇಶದ ಕಣ್ಣಿಗೆ ಹಗುರಾಗಿದ್ದ ಕಾಲ ಅದು. ಆದರೆ ಪ್ರೀಮಿಯರ್ ಲೀಗಿನಲ್ಲಿ ಅತಿ ಹೆಚ್ಚು ಕೆಂಪು ಕಾರ್ಡು ಕಂಡ ಜೋಡಿಯೂ ಇದೇ ಎಂಬುದನ್ನು ಆ ಲೇಖಕರು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ಅಣ್ಣತಮ್ಮಂದಿರು ಎಂದಮೇಲೆ ಜಗಳ ಇಲ್ಲ ಎಂದು ಅವರಿಗೆ ಹೇಳಿದವರು ಯಾರೋ! ಕೋರ್ಟಿಗೆ ಹೋಗುವವರು ಹೆಚ್ಚಾಗಿ ಅಣ್ಣತಮ್ಮಂದಿರೇ.

ನಿಜವಾದ ಗಾಯವಂತೂ ಇಬ್ಬರೂ ಎದುರಾಗದ ಒಂದು ದಿನದ್ದು. 1985ರ ಮೇ 29ರಂದು ಬ್ರಸೆಲ್ಸ್‌ನ ಹೈಸೆಲ್ ಮೈದಾನದಲ್ಲಿ ಲಿವರ್‌ಪೂಲ್ ಮತ್ತು ಇಟಲಿಯ ಯುವೆಂಟಸ್ ನಡುವಿನ ಫೈನಲ್ಲಿಗೆ ಮುಂಚೆ ಲಿವರ್‌ಪೂಲ್ ಬೆಂಬಲಿಗರು ನುಗ್ಗಿದ ಗಲಾಟೆಯಲ್ಲಿ ಗೋಡೆ ಕುಸಿದು 39 ಜನ ಸತ್ತರು. ಇಂಗ್ಲೆಂಡಿನ ಕ್ಲಬ್ಬುಗಳಿಗೆಲ್ಲ ಯುರೋಪಿನ ಬಾಗಿಲು ಐದು ವರ್ಷ ಮುಚ್ಚಿತು. ಅದೇ ತಿಂಗಳು ಎವರ್ಟನ್ ಯುರೋಪಿನ ಒಂದು ಕಪ್ಪನ್ನು ಗೆದ್ದಿತ್ತು, ಇಂಗ್ಲೆಂಡಿನ ಚಾಂಪಿಯನ್ನೂ ಆಗಿತ್ತು. 1987ರಲ್ಲಿ ಮತ್ತೆ ಚಾಂಪಿಯನ್ ಆದರೂ ದೊಡ್ಡ ಕಪ್ಪಿಗೆ ಆಡಲು ಅವಕಾಶವಿಲ್ಲ. ತಪ್ಪು ಒಬ್ಬರದು, ದಂಡ ಇಬ್ಬರಿಗೂ. ಬೇಲಿಯಾಚೆಯ ಮುದುಕರು ಇದನ್ನು ಮಾತ್ರ ನನಗೆ ಹೇಳಲಿಲ್ಲ. ಮಗಳು ಕೇಳಿದಾಗ, ಸತ್ತವರ ಮುಂದೆ ಕಪ್ಪಿನ ಮಾತು ಆಡಬಾರದು ಎಂದು ಒಳಗೆ ಹೋದರಂತೆ.

ಅದಾದ ನಾಲ್ಕು ವರ್ಷಕ್ಕೆ, 1989ರ ಏಪ್ರಿಲ್ 15ರಂದು, ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದ ಕಾಲ್ತುಳಿತದಲ್ಲಿ ಲಿವರ್‌ಪೂಲ್ ಬೆಂಬಲಿಗರು ಜೀವ ಕಳೆದುಕೊಂಡರು. ಗಾಯಗೊಂಡು ವರ್ಷಗಳ ನಂತರ ತೀರಿಕೊಂಡವರೂ ಸೇರಿ 97 ಜನ. ತಪ್ಪೆಲ್ಲ ಸತ್ತವರದೇ, ಕುಡಿದು ಬಂದಿದ್ದರು ಎಂದು ಪೊಲೀಸರು ಹೇಳಿದರು, ಪತ್ರಿಕೆ ಅಚ್ಚು ಹಾಕಿತು. ಅದು ಸುಳ್ಳೆಂದು 2012ರಲ್ಲಿ ಸ್ವತಂತ್ರ ಸಮಿತಿಯ ವರದಿ ಹೇಳಬೇಕಾಯಿತು. 2016ರಲ್ಲಿ ಜ್ಯೂರಿ ಇವು ಕಾನೂನುಬಾಹಿರವಾಗಿ ಆದ ಸಾವುಗಳು ಎಂದಿತು. ಇಪ್ಪತ್ತೇಳು ವರ್ಷ ತಾಯಂದಿರು ಕೋರ್ಟಿನ ಮೆಟ್ಟಿಲು ಹತ್ತಿ ಇಳಿದರು.

ದುರಂತವಾದ ಒಂದು ವಾರಕ್ಕೆ, ಏಪ್ರಿಲ್ 22ರಂದು, ಗುಡಿಸನ್‌ನಿಂದ ಸ್ಟ್ಯಾನ್ಲಿ ಪಾರ್ಕ್ ದಾಟಿ ಆನ್‌ಫೀಲ್ಡ್ ತನಕ, ಸುಮಾರು ಒಂದು ಮೈಲಿ ಉದ್ದಕ್ಕೆ, ಜನ ಕೆಂಪು ಮತ್ತು ನೀಲಿ ಸ್ಕಾರ್ಫುಗಳನ್ನು ಒಂದಕ್ಕೊಂದು ಗಂಟು ಹಾಕಿದರು. ನಾನು ಮಗಳ ಜೊತೆ ಆ ಪಾರ್ಕಿನಲ್ಲಿ ನಡೆದಿದ್ದೇನೆ. ಎರಡು ಮೈದಾನಗಳ ನಡುವೆ ನಿಧಾನಕ್ಕೆ ನಡೆದರೂ ಇಪ್ಪತ್ತು ನಿಮಿಷ ಹಿಡಿಯಲಾರದು. ನೂರು ವರ್ಷ ಒಬ್ಬರ ಮುಖ ಒಬ್ಬರು ಗಂಟು ಹಾಕಿಕೊಂಡವರು ಅಲ್ಲಿ ಬಟ್ಟೆಗೆ ಗಂಟು ಹಾಕಿದ್ದನ್ನು ಯೋಚಿಸುತ್ತ ಒಂದು ಬೆಂಚಿನ ಮೇಲೆ ಕೂತೆ. ಪಟ್ಟಿಯಲ್ಲಿ ಈ ದಿನಕ್ಕೆ ಸಾಲಿಲ್ಲ. ಇರುವುದು ಮೇ 3ರ ಸಾಲು: ಗುಡಿಸನ್, 0–0. ದುರಂತದ ನಂತರ ಲಿವರ್‌ಪೂಲ್ ಆಡಿದ ಮೊದಲ ಲೀಗ್ ಪಂದ್ಯ, ಅದೂ ಎದುರುಮನೆಯವರ ಅಂಗಳದಲ್ಲಿ. ಮೇ 20ರ ಎಫ್.ಎ. ಕಪ್ ಫೈನಲ್ಲಿನಲ್ಲೂ ಇವರಿಬ್ಬರೇ. ಹೆಚ್ಚುವರಿ ಸಮಯದಲ್ಲಿ ಲಿವರ್‌ಪೂಲ್ 3–2. ಗೆಲುವಿನ ಮನೆಯಲ್ಲಿ ಒಂದು ಗೀಟು ಏರಿತು. ಆ ಸೋಲು ಎವರ್ಟನ್‌ನವರಿಗೆ ಎಂಥದಾಗಿತ್ತೋ, ಅಳುವುದಕ್ಕೂ ನಾಚಿಕೆಯಾಗುವಂಥ ಸೋಲು.

2012ರಲ್ಲಿ ಸತ್ಯ ಹೊರಬಂದ ಕೆಲವು ದಿನಕ್ಕೆ ಗುಡಿಸನ್‌ನಲ್ಲಿ ಎವರ್ಟನ್‌ಗೂ ನ್ಯೂಕಾಸಲ್‌ಗೂ ಪಂದ್ಯ. ಎವರ್ಟನ್ ಅಂಗಿಯ ಒಂದು ಹುಡುಗಿ, ಲಿವರ್‌ಪೂಲ್ ಅಂಗಿಯ ಒಂದು ಹುಡುಗ ಕೈ ಕೈ ಹಿಡಿದು ಮೈದಾನಕ್ಕೆ ಬಂದರು. ಒಬ್ಬಳ ಬೆನ್ನ ಮೇಲೆ 9, ಇನ್ನೊಬ್ಬನ ಬೆನ್ನ ಮೇಲೆ 6. ಆಗ ಸತ್ತವರ ಲೆಕ್ಕ 96. ಅಂಕಿಯೂ ಇಷ್ಟು ಮಾತಾಡಬಲ್ಲದು ಎಂದು ನಾನು ಒಪ್ಪಿಕೊಳ್ಳಬೇಕಾದದ್ದು ಇಲ್ಲಿ.

ಗುಡಿಸನ್‌ನ ಕೊನೆಯ ಡರ್ಬಿ 2025ರ ಫೆಬ್ರವರಿ 12ರಂದು ನಡೆಯಿತು. ಎವರ್ಟನ್ ಪುರುಷರು ಹಡಗುಕಟ್ಟೆಯ ಬಳಿ ಕಟ್ಟಿದ ಹೊಸ ಕ್ರೀಡಾಂಗಣಕ್ಕೆ ಹೋಗುವ ಮುನ್ನದ ಪಂದ್ಯ. ತೊಂಬತ್ತೆಂಟನೆಯ ನಿಮಿಷದಲ್ಲಿ ಟಾರ್ಕೋವ್ಸ್ಕಿ ಹೊಡೆದ ಗೋಲಿನಿಂದ 2–2. ಆ ಮೈದಾನದಲ್ಲಿ ಇಬ್ಬರೂ ಆಡಿದ ನೂರಿಪ್ಪತ್ತು ಪಂದ್ಯಗಳ ಲೆಕ್ಕ ಹೀಗೆ ನಿಂತಿತು: ಎವರ್ಟನ್‌ಗೆ 41, ಲಿವರ್‌ಪೂಲ್‌ಗೆ 41, ಸಮ 38. ದೇವರೇ ಕೂತು ಪಾಲು ಮಾಡಿದ ಹಾಗೆ! ಸೀಟಿ ಊದಿದ ಮೇಲೆ ಆಟಗಾರರು ಕೈಕೈ ಮಿಲಾಯಿಸಿ ಎರಡೂ ಕಡೆಗೆ ಕೆಂಪು ಕಾರ್ಡು. ಲಿವರ್‌ಪೂಲ್‌ನ ತರಬೇತುದಾರನಿಗೂ ಒಂದು.

ಇನ್ನೊಂದು ಮಾತು, ಹೆಂಗಸಾಗಿ ಹೇಳಲೇಬೇಕಾದದ್ದು. ಅದೇ ಗುಡಿಸನ್‌ನಲ್ಲಿ 1920ರ ಕ್ರಿಸ್‌ಮಸ್ ಮರುದಿನ ಹೆಂಗಸರ ಫುಟ್‌ಬಾಲ್ ಪಂದ್ಯ ನೋಡಲು ಐವತ್ತಮೂರು ಸಾವಿರ ಜನ ಸೇರಿದ್ದರು. ಮರುವರ್ಷವೇ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ, ಈ ಆಟ ಹೆಂಗಸರಿಗೆ ತಕ್ಕದ್ದಲ್ಲವೆಂದು ತನ್ನ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಮುಚ್ಚಿತು. ಅರ್ಧ ಶತಮಾನ ಆ ಬಾಗಿಲು ತೆರೆಯಲಿಲ್ಲ. ಈಗ ಗಂಡಸರು ಬಿಟ್ಟುಹೋದ ಗುಡಿಸನ್ ಎವರ್ಟನ್ ಮಹಿಳಾ ತಂಡದ ಮನೆ. 2019ರ ನವೆಂಬರ್‌ನಲ್ಲಿ ಆನ್‌ಫೀಲ್ಡ್‌ನಲ್ಲಿ ಎರಡೂ ಕ್ಲಬ್ಬುಗಳ ಹೆಣ್ಣುಮಕ್ಕಳು ಆಡಿದಾಗ ಇಪ್ಪತ್ಮೂರು ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು, ಎವರ್ಟನ್ 1–0 ಗೆದ್ದಿತು. ಹತ್ತು ಹಾಳೆ ತಿರುವಿ ಹಾಕಿದೆ, ಈ ಪಂದ್ಯ ಎಲ್ಲಿಯೂ ಇಲ್ಲ.

"ಅದು ಬೇರೆ ಲಿಸ್ಟು ಚಿಕ್ಕಮ್ಮ" ಎಂದ ಅಕ್ಕನ ಮಗ, ಫೋನಿನಲ್ಲಿ ಕೇಳಿದಾಗ.

ಪೆನ್ಸಿಲು ತೆಗೆದುಕೊಂಡು ಮೊದಲ ಸಾಲಿನ ಮೇಲೆ '1892, ಬಾಡಿಗೆ' ಎಂದು ಬರೆದೆ. 1989ರ ಮೇ 3ರ ಸಾಲಿನ ಮೇಲಿನ ಕಿರಿದಾದ ಜಾಗದಲ್ಲಿ 'ಏಪ್ರಿಲ್ 22, ಸ್ಟ್ಯಾನ್ಲಿ ಪಾರ್ಕ್' ಎಂದು ಸೇರಿಸಿದೆ. ಅದರ ಎದುರಿನ ಗೆಲುವು, ಸೋಲು, ಸಮದ ಮನೆಗಳಲ್ಲಿ ಏನು ತುಂಬಬೇಕೋ ತಿಳಿಯದೆ ಹಾಗೆಯೇ ಬಿಟ್ಟೆ. ಹೆಂಗಸರ ಪಂದ್ಯಕ್ಕೆ ಅಂಚಿನಲ್ಲೂ ಜಾಗ ಉಳಿದಿರಲಿಲ್ಲ. ಶಾಲೆಯ ಹಳೆಯ ಹಾಜರಿ ಪುಸ್ತಕದಿಂದ ಒಂದು ಹಾಳೆ ಹರಿದು, ಅಂಟು ಹಚ್ಚಿ, ಕೆಳಗೆ ಅಂಟಿಸಿದೆ.