ಡಿಸ್ನಿಲ್ಯಾಂಡಿನ ಹಳೆಯ ಸವಾರಿಗಳು: ವೇಷ ಮತ್ತು ಜೀರ್ಣೋದ್ಧಾರ

ಇತಿಹಾಸದ ವ್ಯಾಸಂಗಕ್ಕೆ ಮೀಸಲಾದ ಈ ಸಂಚಿಕೆಯಲ್ಲಿ ಮಕ್ಕಳ ವಿನೋದಕ್ಕೆಂದು ನಿರ್ಮಿತವಾದ ಒಂದು ವಿಹಾರೋದ್ಯಾನವನ್ನು ಕುರಿತ ಲೇಖನವನ್ನು ಕಂಡು ವಾಚಕರಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ಒಂದು ಜನಾಂಗವು ತನ್ನ ಗತಕಾಲವನ್ನೂ ಭವಿಷ್ಯವನ್ನೂ ಹೇಗೆ ಕಲ್ಪಿಸಿಕೊಂಡಿತೆಂಬುದಕ್ಕೆ ಅದು ಬರೆದಿಟ್ಟ ಗ್ರಂಥಗಳಂತೆಯೇ ಅದು ಕಟ್ಟಿಕೊಂಡ ವಿನೋದಸ್ಥಾನಗಳೂ ಸಾಕ್ಷಿಯಾಗಬಲ್ಲುವು. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಅನಾಹೈಮ್ ನಗರದಲ್ಲಿ 1955ನೆಯ ಜುಲೈ 17ರಂದು ಪ್ರಾರಂಭವಾದ ಡಿಸ್ನಿಲ್ಯಾಂಡ್ ಅಂತಹ ಸಾಕ್ಷಿಗಳಲ್ಲಿ ಮುಖ್ಯವಾದುದು. ಕಿತ್ತಳೆಯ ತೋಟಗಳನ್ನು ಕಡಿದು, ಒಂದು ವರ್ಷದ ಅವಧಿಯಲ್ಲಿ ಕಟ್ಟಿ ಮುಗಿಸಿದ ಆ ಉದ್ಯಾನಕ್ಕೆ ಈಗ ಎಪ್ಪತ್ತು ವರ್ಷಗಳು ಸಂದಿವೆ. ಯೌವನವನ್ನೇ ಬಂಡವಾಳವಾಗಿ ಉಳ್ಳ ಸಂಸ್ಥೆಯೊಂದು ತನ್ನ ವೃದ್ಧಾಪ್ಯವನ್ನು ಹೇಗೆ ನಿರ್ವಹಿಸಿದೆ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಜಾತ್ರೆಯ ಮೈದಾನದ ತೊಟ್ಟಿಲುರಾಟೆಗೂ ಇಂತಹ ಉದ್ಯಾನದ ಸವಾರಿಗೂ ಒಂದು ಮೂಲಭೂತವಾದ ಭೇದವುಂಟು. ತೊಟ್ಟಿಲುರಾಟೆಯು ತಿರುಗಿದರೆ ಸಾಕು. ಅದಕ್ಕೆ ಕಥೆಯ ಹಂಗಿಲ್ಲ. ಇಲ್ಲಿಯಾದರೋ ಪ್ರತಿಯೊಂದು ಸವಾರಿಯೂ ಒಂದು ಕಥೆಯನ್ನು ಹೇಳುತ್ತದೆ. ದೋಣಿಯಲ್ಲಿ ಕುಳಿತವನು ಕಡಲುಗಳ್ಳರ ಊರನ್ನು ಹಾದುಹೋಗುತ್ತಾನೆ. ಬಂಡಿಯಲ್ಲಿ ಕುಳಿತವನು ಚಿನ್ನದ ಗಣಿಯೊಳಕ್ಕೆ ಧಾವಿಸುತ್ತಾನೆ. ಆದಕಾರಣ ಪ್ರತಿಯೊಂದು ಸವಾರಿಗೂ ಎರಡು ಶರೀರಗಳಿವೆ ಎನ್ನಬಹುದು. ಒಂದು, ಕಣ್ಣಿಗೆ ಬೀಳದ ಯಂತ್ರಶರೀರ. ಇನ್ನೊಂದು, ಅದರ ಮೇಲೆ ತೊಡಿಸಿದ ಕಥೆಯ ವೇಷ. ಇವೆರಡೂ ಕಾಲಕ್ರಮದಲ್ಲಿ ಹಳತಾಗುತ್ತವೆ. ಆದರೆ ಒಂದೇ ರೀತಿಯಲ್ಲಿ ಹಳತಾಗುವುದಿಲ್ಲ. ಯಂತ್ರವು ಸವೆತದಿಂದ ಹಳತಾಗುತ್ತದೆ. ಭವಿಷ್ಯವನ್ನು ಕುರಿತ ಕಲ್ಪನೆಯು ಆ ಭವಿಷ್ಯವೇ ಬಂದು ಎದುರಿಗೆ ನಿಂತಾಗ ಹಳತಾಗುತ್ತದೆ. ಮೂರನೆಯದಾಗಿ, ಕಥೆಯೊಳಗಿನ ನೀತಿಯು ಜನರ ಮನಸ್ಸು ತಿದ್ದಿಕೊಂಡಾಗ ಹಳತಾಗುತ್ತದೆ. ರೋಗ ಮೂರು ಬಗೆಯಾದ ಮೇಲೆ ಚಿಕಿತ್ಸೆಯೂ ಮೂರು ಬಗೆಯಾಗಬೇಕಷ್ಟೆ. ಡಿಸ್ನಿಲ್ಯಾಂಡಿನ ದೋಷವೇನೆಂದರೆ, ಅದು ಅನೇಕ ವೇಳೆ ಮೂರಕ್ಕೂ ಹೊಸ ವೇಷವೆಂಬ ಒಂದೇ ಮದ್ದನ್ನು ಹಚ್ಚಿದೆ.

ಈ ವಿಷಯದ ಸೂಕ್ಷ್ಮವನ್ನು ಹಾಂಟೆಡ್ ಮ್ಯಾನ್ಷನ್ ಎಂಬ ದೆವ್ವದ ಮನೆಯಿಂದ ತಿಳಿಯಬಹುದು. ಮೊದಲು ಚಿತ್ರಕಾರರು ಅದನ್ನು ಕಿಟಕಿ ಮುರಿದ, ಗೋಡೆ ಕುಸಿದ ಪಾಳುಮನೆಯಾಗಿ ಬರೆದಿದ್ದರು. ಉದ್ಯಾನದ ಸ್ಥಾಪಕನಾದ ವಾಲ್ಟ್ ಡಿಸ್ನಿ ಅದಕ್ಕೊಪ್ಪಲಿಲ್ಲ. ಹೊರಗಿನ ಚೊಕ್ಕಟತನ ತಮ್ಮ ಹೊಣೆ, ಒಳಗಿನದು ದೆವ್ವಗಳ ಪಾಲು ಎಂಬುದು ಅವನ ನಿಲುವಾಗಿತ್ತು. 1963ರಲ್ಲಿ ಹೊರಮೈ ಸಿದ್ಧವಾಗಿ, 1969ರಲ್ಲಿ ಜನರಿಗೆ ತೆರೆದ ಈ ಮನೆಯ ಹೊರಗೋಡೆ ಶುಭ್ರವಾಗಿದೆ. ಒಳಗಿನ ಧೂಳು, ಜೇಡರಬಲೆಗಳು ಬುದ್ಧಿಪೂರ್ವಕವಾಗಿ ಮಾಡಿಟ್ಟವು. ನಿಜವಾದ ಧೂಳನ್ನು ಒರೆಸಿ ಕೃತಕವಾದ ಧೂಳನ್ನು ಕಾಪಾಡುವುದು ಇಲ್ಲಿಯ ಕೆಲಸಗಾರರ ಕರ್ತವ್ಯ. ಜೀರ್ಣತೆಯ ತೋರಿಕೆಯು ಜೀರ್ಣತೆಯ ಸಂಪೂರ್ಣ ಅಭಾವವನ್ನು ಆಶ್ರಯಿಸಿದೆ ಎಂಬ ಈ ತತ್ತ್ವವೇ ಇಡೀ ಉದ್ಯಾನದ ಅಡಿಗಲ್ಲು.

ಈ ಅಡಿಗಲ್ಲು ಅಲುಗಿದರೆ ಏನಾಗುವುದೆಂಬುದನ್ನು 2003ನೆಯ ಇಸವಿ ತೋರಿಸಿಕೊಟ್ಟಿತು. 1979ರಲ್ಲಿ ತೆರೆದ ಬಿಗ್ ಥಂಡರ್ ಮೌಂಟನ್ ಎಂಬ ಸವಾರಿಯ ಕಥೆ ಇದು: ಪಾಳುಬಿದ್ದ ಗಣಿಯೂರಿನಲ್ಲಿ ಚಾಲಕನಿಲ್ಲದ ಗಣಿಬಂಡಿಯೊಂದು ಹಿಡಿತ ತಪ್ಪಿ ಓಡುತ್ತದೆ. ಅಲ್ಲಿಯ ತುಕ್ಕು ಬಣ್ಣದಿಂದ ಬಳಿದ ತುಕ್ಕು. ಅಲ್ಲಿಯ ಶಿಥಿಲತೆ ಲೆಕ್ಕ ಹಾಕಿ ಮಾಡಿದ ಶಿಥಿಲತೆ. 2003ನೆಯ ಸೆಪ್ಟೆಂಬರ್ 5ರಂದು ಆ ಬಂಡಿ ನಿಜವಾಗಿಯೇ ಕಳಚಿತು. ಇಪ್ಪತ್ತೆರಡು ವರ್ಷದ ತರುಣನೊಬ್ಬನು ಪ್ರಾಣ ಕಳೆದುಕೊಂಡನು. ಹತ್ತು ಮಂದಿ ಗಾಯಗೊಂಡರು. ಸಂಸ್ಥಾನದ ಅಧಿಕಾರಿಗಳು ನಡೆಸಿದ ತನಿಖೆಯಲ್ಲಿ ಹೊರಬಿದ್ದ ಕಾರಣ ಅತಿ ಸಾಮಾನ್ಯವಾದುದು. ಚಕ್ರಜೋಡಣೆಯ ಬೋಲ್ಟುಗಳನ್ನು ಕೈಪಿಡಿಯಲ್ಲಿ ಹೇಳಿದಂತೆ ಬಿಗಿಮಾಡಿರಲಿಲ್ಲ. ಅವು ಸಡಿಲವಾಗದಂತೆ ಕಟ್ಟಬೇಕಾದ ತಂತಿಯನ್ನು ಕಟ್ಟಿರಲಿಲ್ಲ. ಬಂಡಿಯಿಂದ ಅಸಹಜವಾದ ಸದ್ದು ಬರುತ್ತಿದ್ದುದು ಸಿಬ್ಬಂದಿಯ ಕಿವಿಗೆ ಬಿದ್ದಿತ್ತು. ಆದರೂ ಅದನ್ನು ತತ್‌ಕ್ಷಣವೇ ನಿಲ್ಲಿಸಲಿಲ್ಲ. ಕಿರುಗುಟ್ಟುವುದೇ ಕಥೆಯ ಅಲಂಕಾರವಾದ ಸ್ಥಳದಲ್ಲಿ ನಿಜವಾದ ಕಿರುಗುಟ್ಟುವಿಕೆಗೆ ಕಿವಿಗೊಡುವ ಎಚ್ಚರ ಮಿಕ್ಕೆಡೆಗಳಿಗಿಂತ ಇಮ್ಮಡಿಯಾಗಿರಬೇಕು. ವೇಷವು ಎಷ್ಟೆಷ್ಟು ಅಪಾಯವನ್ನು ನಟಿಸುವುದೋ ಯಂತ್ರವು ಅಷ್ಟಷ್ಟು ನಿರಪಾಯವಾಗಿರಬೇಕೆಂಬುದು ಇಲ್ಲಿಯ ಧರ್ಮ. ಒಂದು ಬೋಲ್ಟಿನ ಉಪೇಕ್ಷೆಯಿಂದ ಆ ಧರ್ಮ ಮುರಿದುಬಿತ್ತು.

ಇದು ಮೊದಲನೆಯ ದುರಂತವೂ ಆಗಿರಲಿಲ್ಲ. 1998ನೆಯ ಡಿಸೆಂಬರ್ 24ರಂದು, 1958ರಿಂದ ಉದ್ಯಾನದ ಕಾಲುವೆಯಲ್ಲಿ ಸಂಚರಿಸುತ್ತಿದ್ದ ಕೊಲಂಬಿಯಾ ಎಂಬ ಹಡಗಿನಿಂದ ಹಗ್ಗ ಬಿಗಿಯುವ ಲೋಹದ ಗೂಟವೊಂದು ಕಿತ್ತುಬಂದು ಬಡಿದು ಒಬ್ಬ ಸಂದರ್ಶಕನು ಮೃತಪಟ್ಟನು. ಕ್ಯಾಲಿಫೋರ್ನಿಯಾದಲ್ಲಿ ಸ್ಥಿರವಾದ ವಿಹಾರೋದ್ಯಾನಗಳ ಸವಾರಿಗಳು ಸಂಸ್ಥಾನದ ತಪಾಸಣೆಗೆ ಒಳಪಡುವಂತೆ 1999ರಲ್ಲಿ ಶಾಸನವಾದುದು ಈ ಘಟನೆಯ ತರುವಾಯ. ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುವ ಸ್ವಾತಂತ್ರ್ಯವು ಅಷ್ಟು ದೀರ್ಘಕಾಲ ಉಳಿದುಬಂದುದೂ, ಅದು ಕೊನೆಗಾಣಲು ಒಂದು ಪ್ರಾಣ ಬಲಿಯಾಗಬೇಕಾದುದೂ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ.

ಇದೇ ಉದ್ಯಾನವು ಸರಿಯಾದ ಮಾರ್ಗವನ್ನೂ ತಿಳಿಯದೆ ಇರಲಿಲ್ಲ. 1977ರಲ್ಲಿ ತೆರೆದ ಸ್ಪೇಸ್ ಮೌಂಟನ್ ಎಂಬ ಕತ್ತಲೆಯ ಸವಾರಿಯನ್ನು 2003ರಲ್ಲಿ ಮುಚ್ಚಿ, ಹಳಿಯನ್ನು ಪೂರ್ತಿಯಾಗಿ ಕಿತ್ತು, ಅದೇ ಮಾರ್ಗದಲ್ಲಿ ಹೊಸ ಹಳಿಯನ್ನು ಹಾಕಿ, 2005ರ ಜುಲೈಯಲ್ಲಿ ಮತ್ತೆ ತೆರೆದರು. ಎರಡು ವರ್ಷಗಳ ಕಾಲ ಜನಪ್ರಿಯವಾದ ಸವಾರಿಯೊಂದರ ಆದಾಯವನ್ನು ಬಿಟ್ಟುಕೊಟ್ಟು ಮಾಡಿದ ಈ ಕಾರ್ಯದಲ್ಲಿ ಸಂದರ್ಶಕನ ಕಣ್ಣಿಗೆ ಬೀಳುವಂತಹುದು ಅತ್ಯಲ್ಪ. ಕಾಣದ ಕೆಲಸಕ್ಕೆ ಹಣ ಸುರಿಯುವುದು ವ್ಯಾಪಾರಿಗೆ ಸುಲಭವಲ್ಲ. ಆದುದರಿಂದಲೇ ಅದು ಪ್ರಶಂಸಾರ್ಹ.

ಇನ್ನು ಎರಡನೆಯ ಬಗೆಯ ವೃದ್ಧಾಪ್ಯ. ನಾಳೆಯ ಲೋಕವೆಂಬ ಅರ್ಥದ ಟುಮಾರೊಲ್ಯಾಂಡ್ ಎಂಬ ವಿಭಾಗವು 1955ರಲ್ಲಿ ತೋರಿಸಹೊರಟುದು 1986ರ ಜಗತ್ತನ್ನು. ಚಂದ್ರನೆಡೆಗಿನ ರಾಕೆಟ್ ಪ್ರಯಾಣ ಅಲ್ಲಿಯ ಮುಖ್ಯ ಆಕರ್ಷಣೆಯಾಗಿತ್ತು. 1969ರಲ್ಲಿ ಮನುಷ್ಯನು ಚಂದ್ರನ ಮೇಲೆ ನಿಜವಾಗಿಯೇ ಕಾಲಿಟ್ಟನು. ಕಲ್ಪನೆಯು ಒಮ್ಮೆಗೇ ವಾರ್ತೆಯಾಯಿತು. 1975ರಲ್ಲಿ ಆ ಪ್ರಯಾಣವನ್ನು ಮಂಗಳಗ್ರಹಕ್ಕೆ ತಿರುಗಿಸಿ ಕೆಲವು ಕಾಲ ನಡೆಸಿ, 1992ರಲ್ಲಿ ನಿಲ್ಲಿಸಿದರು. 1957ರಲ್ಲಿ ಪ್ಲಾಸ್ಟಿಕ್ಕಿನಿಂದ ಕಟ್ಟಿದ ಭವಿಷ್ಯದ ಮನೆಯನ್ನು 1967ರಲ್ಲಿಯೇ ಕೆಡವಿದರು. ಗತಕಾಲವನ್ನು ಕುರಿತ ಸವಾರಿ ಬಹುಕಾಲ ಬಾಳುವುದು. ಭವಿಷ್ಯವನ್ನು ಕುರಿತ ಸವಾರಿ ತನ್ನ ಮರಣದ ದಿನಾಂಕವನ್ನು ಹಣೆಯ ಮೇಲೆ ಬರೆದುಕೊಂಡೇ ಹುಟ್ಟುವುದು.

ಈ ವಿಭಾಗದ ಇತಿಹಾಸದಲ್ಲಿ ಅತ್ಯಂತ ಬೋಧಪ್ರದವಾದ ಅಧ್ಯಾಯ ಪೀಪಲ್‌ಮೂವರ್ ಎಂಬ ವಾಹನದ್ದು. 1967ರಲ್ಲಿ ಪ್ರಾರಂಭವಾದ ಇದರಲ್ಲಿ, ಎತ್ತರದ ಹಾದಿಯಲ್ಲಿ ಹುದುಗಿಸಿದ ಗಾಲಿಗಳು ತಿರುಗುತ್ತ ಚಿಕ್ಕ ಬಂಡಿಗಳನ್ನು ಮೆಲ್ಲನೆ ತಳ್ಳುತ್ತಿದ್ದುವು. ನಗರಸಾರಿಗೆಯ ಒಂದು ಗಂಭೀರವಾದ ಪ್ರಯೋಗವೇ ಅದು. 1995ರಲ್ಲಿ ಅದನ್ನು ಮುಚ್ಚಿ, 1998ರಲ್ಲಿ ಅದೇ ಹಾದಿಯ ಮೇಲೆ ರಾಕೆಟ್ ರಾಡ್ಸ್ ಎಂಬ ವೇಗದ ಬಂಡಿಗಳನ್ನು ಹೂಡಿದರು. ಮೆಲ್ಲನೆ ಸಾಗುವುದಕ್ಕೆಂದು ಕಟ್ಟಿದ ಹಾದಿಯ ತಿರುವುಗಳನ್ನು ವೇಗಕ್ಕೆ ತಕ್ಕಂತೆ ಓರೆಮಾಡಿ ಪುನಃ ಕಟ್ಟಲಿಲ್ಲ. ಪ್ರತಿಯೊಂದು ತಿರುವಿನಲ್ಲಿಯೂ ಬಂಡಿ ವೇಗವನ್ನು ತಗ್ಗಿಸಿ, ಮತ್ತೆ ನೇರದಲ್ಲಿ ಹೆಚ್ಚಿಸಬೇಕಾಯಿತು, ಯಂತ್ರಗಳು ಸವೆದುವು, ಮೇಲಿಂದ ಮೇಲೆ ಕೆಟ್ಟುನಿಂತ ಆ ಸವಾರಿ 2000ದಲ್ಲಿಯೇ ನಿಂತುಹೋಯಿತು. ಅನಂತರ ಎರಡು ದಶಕಗಳಿಗೂ ಮೀರಿ ಆ ಬರಿದಾದ ಹಾದಿ ಸಂದರ್ಶಕರ ತಲೆಯ ಮೇಲೆ ಹಾಗೆಯೇ ನಿಂತಿತು. ಕೃತಕ ಪಾಳುಗಳನ್ನು ಅಷ್ಟು ಜಾಣತನದಿಂದ ನಿರ್ಮಿಸಬಲ್ಲ ಉದ್ಯಾನವು ತನಗರಿವಿಲ್ಲದೆಯೇ ಒಂದು ನಿಜವಾದ ಪಾಳನ್ನೂ ನಿರ್ಮಿಸಿತು. ಅದೂ ನಾಳೆಯ ಲೋಕದ ನಡುವೆ! ಹಳೆಯ ಯಂತ್ರದ ಮೇಲೆ ಹೊಸ ವೇಷ ತೊಡಿಸಿದರೆ ಸಾಕೆಂಬ ಭ್ರಮೆಗೆ ಇದಕ್ಕಿಂತ ಸ್ಪಷ್ಟವಾದ ಖಂಡನೆ ಬೇಕಿಲ್ಲ.

ಮೂರನೆಯದಾದ ನೀತಿಯ ವೃದ್ಧಾಪ್ಯವೇ ಹೆಚ್ಚು ವಿವಾದಕ್ಕೆ ಎಡೆಮಾಡಿರುವುದು. 1967ರ ಮಾರ್ಚಿಯಲ್ಲಿ ತೆರೆದ ಪೈರೇಟ್ಸ್ ಆಫ್ ದಿ ಕೆರಿಬಿಯನ್ ಈ ಉದ್ಯಾನದ ಅತ್ಯುತ್ತಮ ಕೃತಿಯೆಂದು ಅನೇಕರ ಮತ. ಚಲಿಸುವ, ಹಾಡುವ ಬೊಂಬೆಗಳ ಮೂಲಕ ಕಡಲುಗಳ್ಳರು ಊರೊಂದನ್ನು ಕೊಳ್ಳೆಹೊಡೆಯುವುದನ್ನು ಅದು ಚಿತ್ರಿಸುತ್ತದೆ. ಮೂಲದಲ್ಲಿ ಕಳ್ಳರು ಹೆಂಗಸರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದರು. ಹೆಂಗಸರನ್ನು ಹರಾಜು ಹಾಕುವ ದೃಶ್ಯವೂ ಇದ್ದಿತು. 1997ರಲ್ಲಿ ಓಡುವ ಹೆಂಗಸರ ಬೊಂಬೆಗಳ ಕೈಗೆ ತಿಂಡಿಯ ತಟ್ಟೆಗಳನ್ನು ಕೊಟ್ಟು, ಕಳ್ಳರು ಆಹಾರಕ್ಕಾಗಿ ಓಡುವಂತೆ ಮಾಡಿದರು. ಇದು ತೇಪೆಯ ಕೆಲಸ. ಕಾಮವನ್ನು ಹಸಿವೆಂದು ಹೆಸರಿಸಿದ ಮಾತ್ರಕ್ಕೆ ಬೊಂಬೆಗಳ ಭಂಗಿ ಬದಲಾಗದು. 2018ರಲ್ಲಿ ಹರಾಜಿನ ದೃಶ್ಯವನ್ನೇ ತಿದ್ದಿ, ಮಾರಾಟಕ್ಕೆ ನಿಂತಿದ್ದ ಕೆಂಗೂದಲಿನ ಹೆಣ್ಣನ್ನು ಕೊಳ್ಳೆಯ ಸರಕು ಹರಾಜಾಗುವಲ್ಲಿ ಬಂದೂಕು ಹಿಡಿದು ನಿಂತ ಕಡಲುಗಳ್ಳಿಯಾಗಿ ಮಾಡಿದರು. ಇದು ದೃಶ್ಯದ ಅರ್ಥವನ್ನೇ ಬದಲಿಸುವ ತಿದ್ದುಪಡಿ. ಆದುದರಿಂದ ಮೊದಲಿನದಕ್ಕಿಂತ ಪ್ರಾಮಾಣಿಕವಾದುದು. ಇವೆರಡರ ನಡುವೆ 2006ರಲ್ಲಿ ಮತ್ತೊಂದು ಬದಲಾವಣೆಯಾಯಿತು. ಈ ಸವಾರಿಯ ಹೆಸರಿನಲ್ಲಿ 2003ರಲ್ಲಿ ತಯಾರಾದ ಚಲಚ್ಚಿತ್ರದ ನಾಯಕನ ಬೊಂಬೆಯನ್ನು ಸವಾರಿಯೊಳಕ್ಕೆ ತಂದು ನಿಲ್ಲಿಸಿದರು. ಮಗನು ತಂದೆಗೆ ತನ್ನ ಅಂಗಿಯನ್ನು ತೊಡಿಸಿದಂತೆ ಇದು. ಇಲ್ಲಿ ಯಂತ್ರವೂ ಸವೆದಿರಲಿಲ್ಲ, ನೀತಿಯೂ ಕೆಣಕಿರಲಿಲ್ಲ. ಕೇವಲ ಲಾಭವೇ ಪ್ರೇರಣೆ.

ಸ್ಪ್ಲಾಷ್ ಮೌಂಟನ್ ಎಂಬ ನೀರಿನ ಸವಾರಿಯ ವೃತ್ತಾಂತ ಇನ್ನೂ ಗಂಭೀರವಾದುದು. ಅದರ ಕಥೆಯನ್ನು 1946ರ ಸಾಂಗ್ ಆಫ್ ದಿ ಸೌತ್ ಎಂಬ ಚಿತ್ರದಿಂದ ತೆಗೆದುಕೊಂಡಿದ್ದರು. ಅಮೆರಿಕದ ದಕ್ಷಿಣಪ್ರಾಂತಗಳ ತೋಟಗಳಲ್ಲಿ ದುಡಿದ ಕರಿಯ ಜನರ ಬಾಳನ್ನು ಆ ಚಿತ್ರವು ಸಿಹಿಲೇಪನ ಮಾಡಿ ತೋರಿಸಿತೆಂದು ಅದು ಬಿಡುಗಡೆಯಾದ ಕಾಲದಲ್ಲಿಯೇ ಪ್ರತಿಭಟನೆಗಳು ನಡೆದಿದ್ದುವು. ಸಂಸ್ಥೆಯು ಅದನ್ನು ಅಮೆರಿಕದಲ್ಲಿ ಮನೆಗಳಲ್ಲಿ ನೋಡುವುದಕ್ಕೆಂದು ಎಂದೂ ಬಿಡುಗಡೆ ಮಾಡಿಲ್ಲ. ಹೀಗಿರಲು 1989ರಲ್ಲಿ ಕಥೆ ಹೇಳುವ ಮುದುಕನನ್ನು ಕೈಬಿಟ್ಟು, ಅವನ ಕಥೆಯ ಪ್ರಾಣಿಗಳನ್ನು ಮಾತ್ರ ಉಳಿಸಿಕೊಂಡು ಸವಾರಿಯನ್ನು ಕಟ್ಟಿದರು. ಬೊಂಬೆಗಳಲ್ಲಿ ಅನೇಕವು 1974ರಿಂದ 1988ರವರೆಗೆ ನಡೆದ ಅಮೆರಿಕ ಸಿಂಗ್ಸ್ ಎಂಬ ಪ್ರದರ್ಶನದಿಂದ ತಂದವು. 2023ರಲ್ಲಿ ಅದನ್ನು ಮುಚ್ಚಿ, ನೀರಿನ ಹಾದಿಯನ್ನೂ ಧುಮುಕುವ ಇಳಿಜಾರನ್ನೂ ಉಳಿಸಿ, 2009ರ ಚಿತ್ರವೊಂದರ ಕರಿಯ ನಾಯಿಕೆಯಾದ ಟಿಯಾನಾಳ ಕಥೆಯನ್ನು ತೊಡಿಸಿ, 2024ರ ನವೆಂಬರಿನಲ್ಲಿ ತೆರೆದರು. ಬದಲಾವಣೆ ಸರಿಯಾದುದೆಂದೇ ನನ್ನ ಅಭಿಪ್ರಾಯ. ಆದರೆ ಇದನ್ನು ಕಾಲದ ಬದಲಾವಣೆಯೆಂದು ಕರೆಯುವುದು ಸರಿಯಲ್ಲ. ಆ ಕಥೆ 1989ರಲ್ಲಿಯೇ ಹಳತಾಗಿದ್ದಿತು; ಅದನ್ನು ಅರಿತೇ ಕಟ್ಟಿದರು. ತಪ್ಪನ್ನು ಕಾಲದ ತಲೆಗೆ ಕಟ್ಟುವುದು ಇತಿಹಾಸಕ್ಕೆ ಮಾಡುವ ಅನ್ಯಾಯ.

ಡಿಸ್ನಿಲ್ಯಾಂಡ್ ಎಂದಿಗೂ ಪೂರ್ಣವಾಗದೆಂದು ಅದರ ಸ್ಥಾಪಕನೇ ಹೇಳಿದ್ದನಲ್ಲವೇ, ಅದು ವ್ಯಾಪಾರಸ್ಥಾನವೇ ಹೊರತು ವಸ್ತುಸಂಗ್ರಹಾಲಯವಲ್ಲವಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಬದಲಾವಣೆಗೆ ಯಾರ ಅಡ್ಡಿಯೂ ಇಲ್ಲ. ಬದಲಾವಣೆಯ ಬಗೆಯನ್ನು ಕುರಿತದ್ದು ನಮ್ಮ ಪ್ರಶ್ನೆ. ನಮ್ಮ ದೇವಾಲಯಗಳ ದಾನಶಾಸನಗಳನ್ನು ಓದಿದವರಿಗೆ ಖಂಡಸ್ಫುಟಿತ ಜೀರ್ಣೋದ್ಧಾರವೆಂಬ ಮಾತು ಚಿರಪರಿಚಿತ. ಒಡೆದುದನ್ನೂ ಬಿರಿದುದನ್ನೂ ಸರಿಪಡಿಸಲೆಂದು ಭೂಮಿಯನ್ನೋ ಸುಂಕದ ಪಾಲನ್ನೋ ಮೊದಲೇ ಬಿಟ್ಟುಕೊಟ್ಟು, ಕೊಟ್ಟವರ ಹೆಸರನ್ನೂ ಕಾಲವನ್ನೂ ಕಲ್ಲಿನಲ್ಲಿ ಕೊರೆಸುತ್ತಿದ್ದರು. ದೇವಾಲಯಕ್ಕೂ ವಿನೋದಸ್ಥಾನಕ್ಕೂ ಹೋಲಿಕೆ ಸಲ್ಲದು. ಆದರೂ ಆ ಮಾತಿನಲ್ಲಿ ಅಡಗಿರುವ ಎರಡು ವಿವೇಕಗಳು ಎಲ್ಲೆಡೆಗೂ ಸಲ್ಲುತ್ತವೆ. ಕಟ್ಟಿದ್ದು ಒಡೆದೇ ಒಡೆಯುವುದೆಂದು ಕಟ್ಟುವ ದಿನವೇ ಒಪ್ಪಿಕೊಳ್ಳುವುದು ಒಂದು. ದುರಸ್ತಿಯನ್ನು ಮರೆಮಾಡದೆ ದಾಖಲಿಸುವುದು ಇನ್ನೊಂದು.

ಡಿಸ್ನಿಲ್ಯಾಂಡಿನಲ್ಲಿ ಪ್ರಾರಂಭೋತ್ಸವದ ಫಲಕವಿದೆ. ಪ್ರತಿಯೊಂದು ಸವಾರಿಯ ಬಾಗಿಲಿನಲ್ಲಿಯೂ ಇಂತಹ ವರ್ಷದಲ್ಲಿ ಇದನ್ನು ಕಟ್ಟಿದೆವು, ಇಂತಹ ವರ್ಷದಲ್ಲಿ ಇಂತಹ ಕಾರಣದಿಂದ ತಿದ್ದಿದೆವು ಎಂದು ನಾಲ್ಕು ಸಾಲು ಬರೆಸಿದರೆ ವಿನೋದಕ್ಕೆ ಕುಂದೇನೂ ಬಾರದು. ಬದಲಾಗಿ, ಸಾಲಿನಲ್ಲಿ ಕಾದುನಿಂತ ಹುಡುಗನೊಬ್ಬನಿಗೆ ತನ್ನ ಹಿರಿಯರು ಏನನ್ನು ಕಂಡು ನಕ್ಕಿದ್ದರು, ಏನನ್ನು ಕಂಡು ನಾಚಿ ತಿದ್ದಿಕೊಂಡರು ಎಂಬುದು ತಿಳಿದೀತು. ಆ ಹುಡುಗನು ಬಂಡಿಯನ್ನು ಏರುವ ಮುನ್ನ ಅದರ ಬೋಲ್ಟುಗಳನ್ನು ಯಾರೋ ಬೆಳಗಿನ ಜಾವದಲ್ಲಿ ಕೈಯಿಟ್ಟು ನೋಡಿರಬೇಕೆಂಬುದಂತೂ ಈ ಎಲ್ಲ ವಿಮರ್ಶೆಗಿಂತ ಮೊದಲಿನ ಮಾತು.