ಚೆನ್ನಮ್ಮನ ಮುಖ ಬರೆಯುವ ಮುನ್ನ

ಆನಂದರ ‘ನಾನು ಕೊಂದ ಹುಡುಗಿ’ ಕಥೆಯನ್ನು ಚಿತ್ರಮಾಲೆ ಮಾಡಲು ಕೂತವರಿಗೆ ಕಠಿಣ ಪರೀಕ್ಷೆ ಎದುರಾಗುವುದು ಕೊನೆಯ ಬಾವಿಯ ಹತ್ತಿರ ಎಂದು ಮೇಲುನೋಟಕ್ಕೆ ತೋರುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಆ ಪರೀಕ್ಷೆ ಬಹಳ ಮೊದಲೇ, ಚೆನ್ನಮ್ಮ ಅತಿಥಿಯ ಕಣ್ಣಿಗೆ ಮೊದಲ ಸಲ ಬಿದ್ದಾಗಲೇ ಬಂದುಬಿಡುತ್ತದೆ. ಅವಳನ್ನು ಯಾರ ಕಣ್ಣಿನಿಂದ ನೋಡಿ ಬರೆಯಬೇಕು ಎನ್ನುವುದು ಅಲ್ಲೇ ತೀರ್ಮಾನವಾಗಬೇಕು. ಅದು ತಪ್ಪಿದರೆ ಮುಂದಿನ ಚಿತ್ರಗಳು ಎಷ್ಟೇ ಅಂದವಾಗಿ ಬಂದರೂ ಕಥೆ ಕೈತಪ್ಪಿ ಹೋಗಿರುತ್ತದೆ.

ಕಥೆ ಬಹಳ ಜನ ಓದಿರುವಂಥದ್ದು. ಶಿಲ್ಪಕಲೆಯ ಅಭ್ಯಾಸಕ್ಕಾಗಿ ಊರೂರು ಸುತ್ತುವ ವಿದ್ಯಾವಂತನೊಬ್ಬ ನಾಗವಳ್ಳಿಗೆ ಬಂದು ಕರಿಯಪ್ಪನ ಮನೆಯಲ್ಲಿ ಇಳಿದುಕೊಳ್ಳುತ್ತಾನೆ. ಮನೆಯ ಮಗಳು ಚೆನ್ನಮ್ಮ. ಹಿರಿಯರು ಹರಕೆ ಹೊತ್ತು ದೇವರಿಗೆ ಬಿಟ್ಟ ಬಸವಿ ಅವಳು. ರಾತ್ರಿ ಅವಳಾಗಿಯೇ ಅವನ ಕೋಣೆಗೆ ಬರುತ್ತಾಳೆ. ಅವನು ಬೆಚ್ಚುತ್ತಾನೆ, ಕೇಳುತ್ತಾನೆ, ಆಮೇಲೆ ತಿಳಿಹೇಳುತ್ತಾನೆ. ಅವಳು ಧರ್ಮವೆಂದು ನಂಬಿ ಬದುಕಿದ್ದನ್ನು ಒಂದೇ ರಾತ್ರಿಯಲ್ಲಿ ಪಾಪವೆಂದು ತೋರಿಸಿಕೊಡುತ್ತಾನೆ. ಬೆಳಗಾಗುವುದರೊಳಗೆ ಹುಡುಗಿ ಬಾವಿಯ ಪಾಲಾಗಿರುತ್ತಾಳೆ. ಅವನಾಡಿದ ಮಾತು ನಿಜವೇ. ಆದರೆ ಆ ನಿಜ ತಿಳಿದ ಮೇಲೆ ಅವಳು ಬದುಕುವುದಕ್ಕೆ ಒಂದು ದಾರಿಯೂ ಅವನ ಬಳಿ ಇರಲಿಲ್ಲ. ಶೀರ್ಷಿಕೆಯಲ್ಲಿ ‘ನಾನು’ ಎಂದು ಒಪ್ಪಿಕೊಂಡದ್ದು ಇದನ್ನೇ.

ಈಚಿನ ವರ್ಷಗಳಲ್ಲಿ ಹಳೆಯ ಕಥೆಗಳನ್ನು ಟ್ಯಾಬಿನ ಮೇಲೆ ಬರೆದು ಫೋನಿನ ತೆರೆಗೆ ಹೊಂದಿಸಿ ಹಂಚುವ ಯುವ ಕಲಾವಿದರು ಹೆಚ್ಚಿದ್ದಾರೆ. ಪ್ರೊಕ್ರಿಯೇಟ್ ಆ್ಯಪ್ ಕೊಳ್ಳಲಾಗದವರು ಬಿಟ್ಟಿ ಸಿಗುವ ಕ್ರಿಟಾದಲ್ಲಿ ಬರೆಯುತ್ತಾರೆ. ಇದು ಸಂತೋಷದ ಸಂಗತಿ. ಒಬ್ಬ ಓದುಗ ಒಂದು ಕಥೆಯ ಜೊತೆ ವಾರಗಟ್ಟಲೆ ಇರುವುದೆಂದರೆ ಅದು ವಿಮರ್ಶೆಯದೇ ಒಂದು ರೂಪ. ಆ ವಿಮರ್ಶೆ ಎಷ್ಟು ಆಳಕ್ಕೆ ಇಳಿಯುತ್ತಿದೆ ಎಂದು ಮಾತ್ರ ಕೇಳಲೇಬೇಕು. ನಾನು ಈ ಕಥೆಯನ್ನೇ ಒರೆಗಲ್ಲಾಗಿ ಹಿಡಿದಿರುವುದಕ್ಕೆ ಕಾರಣವಿದೆ. ಇದರ ನಿರೂಪಕನೇ ರೂಪಗಳನ್ನು ನೋಡುವುದನ್ನು ಕಸುಬು ಮಾಡಿಕೊಂಡವನು. ಕಲ್ಲಿನ ಹೆಣ್ಣಿನ ಭಂಗಿ, ನಡು, ಕೈಬೆರಳು ನೋಡಿ ಪಳಗಿದ ಕಣ್ಣು ಅವನದು. ಅದೇ ಕಣ್ಣಿನಿಂದ ಅವನು ಮನೆಯ ಹುಡುಗಿಯನ್ನೂ ನೋಡುತ್ತಾನೆ. ಚಿತ್ರಕಾರನೂ ಅವಳನ್ನು ಹಾಗೇ ಮೈದುಂಬಿ ಬರೆದುಬಿಟ್ಟರೆ ನಿರೂಪಕನ ತಪ್ಪನ್ನೇ ಎರಡನೇ ಸಲ ಮಾಡಿದಂತೆ.

ಕಲಬುರಗಿಯಲ್ಲಿ ಚಿತ್ರ ಕಲಿಯುವವರಿಗೆ ಈ ತೊಡಕು ಇನ್ನೂ ಹತ್ತಿರದ್ದು. ಎಸ್.ಎಂ. ಪಂಡಿತರ ನೆರಳು ಇಲ್ಲಿ ಯಾರಿಗೂ ತಪ್ಪಿದ್ದಲ್ಲ. 1916ರಲ್ಲಿ ಇದೇ ಊರಲ್ಲಿ ಹುಟ್ಟಿ, ಮುಂಬೈ ಸೇರಿ, ಸಿನಿಮಾ ಜಾಹೀರಾತು, ‘ಫಿಲ್ಮ್‌ಇಂಡಿಯಾ’ ಪತ್ರಿಕೆಯ ಮುಖಪುಟ, ಪುರಾಣದ ಕ್ಯಾಲೆಂಡರುಗಳನ್ನು ಬರೆದು ದೇಶದ ಮನೆಗೋಡೆಗಳನ್ನು ತುಂಬಿದವರು ಅವರು. 1993ರಲ್ಲಿ ತೀರಿಕೊಂಡರು. ನಮ್ಮ ರಂಗಮಂದಿರಕ್ಕೆ ಅವರ ಹೆಸರೇ ಇದೆ. ಪಂಡಿತರ ಹೆಣ್ಣುಗಳ ಚರ್ಮಕ್ಕೆ ಒಳಗಿನಿಂದ ದೀಪ ಹಚ್ಚಿಟ್ಟಂಥ ಹೊಳಪು. ರೇಷ್ಮೆ ಮಡಿಕೆಯ ಮೇಲೆ ಬೆಳಕು ಜಾರುವ ಬಗೆಯನ್ನು ಅವರಷ್ಟು ಬಲ್ಲವರು ವಿರಳ. ನಾನು ಅವರ ಕುಂಚವನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಅವರ ಚಿತ್ರದ ದೇವಿ, ಅಪ್ಸರೆ, ನಾಯಕಿ ಎಲ್ಲರೂ ನೋಡುವವರ ಕಣ್ಣಿಗಾಗಿಯೇ ನಿಂತವರು. ಸಿನಿಮಾ ಮಂದಿರದ ಮುಂದೆ ಜನರನ್ನು ನಿಲ್ಲಿಸಬೇಕಿದ್ದ ಕಸುಬಿಗೆ ಅದು ಬೇಕೂ ಆಗಿತ್ತು. ಚೆನ್ನಮ್ಮನ ಕಥೆಯಲ್ಲಿ ಹಾಗೆ ನಿಲ್ಲುವುದೇ ದುರಂತದ ಬೇರು.

ಡಿಜಿಟಲ್ ಸಲಕರಣೆ ಈ ಆಕರ್ಷಣೆಯನ್ನು ಹೆಚ್ಚಿಸಿದೆ. ಪಂಡಿತರು ಬಣ್ಣ ಬೆರೆಸಿ, ಒಣಗುವುದನ್ನು ಕಾದು, ಮತ್ತೆ ಬಳಿದು ಸಾಧಿಸಿದ ಹೊಳಪು ಇವತ್ತು ಸಿದ್ಧ ಬ್ರಷ್ಷಿನ ರೂಪದಲ್ಲಿ ಸಿಗುತ್ತದೆ. ಎರಡು ಸಲ ಎಳೆದರೆ ಕೆನ್ನೆ ಹೊಳೆಯುತ್ತದೆ, ಮೂರನೇ ಸಲಕ್ಕೆ ಬೆನ್ನ ಹಿಂದೆ ಹೊಂಬೆಳಕು. ಎಲ್ಲ ಹೆಣ್ಣುಮಕ್ಕಳಿಗೂ ಒಂದೇ ಹೊಳಪು. ಈಗೀಗ ಬರೆಯುವ ತೊಂದರೆಯನ್ನೂ ತೆಗೆದುಕೊಳ್ಳದೆ ನಾಲ್ಕು ಮಾತು ಟೈಪಿಸಿ ಯಂತ್ರದಿಂದ ಚಿತ್ರ ಪಡೆಯುವವರಿದ್ದಾರೆ. ಹಳ್ಳಿಯ ಹುಡುಗಿ ಎಂದು ಕೇಳಿದರೆ ಅದು ಕೊಡುವುದು ಯಾವ ಸೀಮೆಗೂ ಸೇರದ ಹುಡುಗಿಯನ್ನು. ಉಡುಗೆ ಒಂದು ಕಡೆಯದು, ಒಡವೆ ಇನ್ನೊಂದು ಕಡೆಯದು, ಹಿಂದಿನ ಮನೆ ಎಲ್ಲಿಯದೂ ಅಲ್ಲ. ಅವಳಿಗೆ ಇಲಕಲ್ ಸೀರೆಯ ಟೋಪಿ ಸೆರಗೂ ಗೊತ್ತಿಲ್ಲ, ಖಣದ ಕುಪ್ಪಸವೂ ಗೊತ್ತಿಲ್ಲ. ಬಸವಿ ಪದ್ಧತಿಗೆ ಜಾತಿ, ಸೀಮೆ, ಗುಡಿ, ಹೊಲ ಎಲ್ಲ ಉಂಟು. ಅವನ್ನು ಅಳಿಸಿದರೆ ಉಳಿಯುವುದು ಪಾಪದ ಹುಡುಗಿಯೊಬ್ಬಳ ದುಃಖ ಮಾತ್ರ. ಅಷ್ಟಕ್ಕೆ ಆನಂದರು ಕಥೆ ಬರೆಯಬೇಕಾಗಿರಲಿಲ್ಲ.

ಹಾಗಾದರೆ ಪಂಡಿತರ ದಾರಿಯನ್ನು ಪೂರ್ತಿ ಬಿಟ್ಟುಬಿಡಬೇಕೇ? ಬೇಡ. ನನ್ನ ಮಟ್ಟಿಗೆ ಕಲಬುರಗಿಯ ಕಲಾವಿದನೇ ಈ ಕಥೆಗೆ ತಕ್ಕವನು. ಆ ಹೊಳಪನ್ನು ನಿರೂಪಕನ ಕಣ್ಣಾಗಿ ಬಳಸಬಹುದು. ಮೊದಲ ನಾಲ್ಕೈದು ಚಿತ್ರಗಳಲ್ಲಿ ಗುಡಿಯ ಕಲ್ಲಿನ ಹೆಣ್ಣಿಗೂ ಚೆನ್ನಮ್ಮನಿಗೂ ಒಂದೇ ಬೆಳಕು, ಒಂದೇ ನುಣುಪು ಕೊಡಲಿ. ಅವನು ಇಬ್ಬರನ್ನೂ ಒಂದೇ ರೀತಿ ನೋಡುತ್ತಿದ್ದಾನೆಂದು ಮಾತಿಲ್ಲದೆ ತಿಳಿಯುತ್ತದೆ. ರಾತ್ರಿ ಅವಳು ಬಾಯಿಬಿಟ್ಟು ತನ್ನ ಕಥೆ ಹೇಳತೊಡಗಿದ ಕೂಡಲೇ ಈ ಬಣ್ಣ ನಿಲ್ಲಬೇಕು. ಟ್ಯಾಬಿನಲ್ಲಿ ಬರೆಯುವವರು ಮೊದಲು ಒಂದು ಪದರದಲ್ಲಿ ಕರಡು ಗೆರೆ ಹಾಕಿ, ಮೇಲಿನ ಪದರಗಳಲ್ಲಿ ಬಣ್ಣ ತುಂಬುತ್ತಾರೆ, ಕೊನೆಗೆ ಕರಡನ್ನು ಮರೆಮಾಡುತ್ತಾರೆ. ಇಲ್ಲಿ ತಿರುವುಮುರುವು ಮಾಡಿ ನೋಡಲಿ. ಬಣ್ಣದ ಪದರಗಳನ್ನು ಮರೆಮಾಡಿ ಕರಡನ್ನೇ ಉಳಿಸಲಿ. ಅದೇ ಭಂಗಿ, ಅದೇ ಮುಖ, ಆದರೆ ತಿದ್ದಿದ ಗೆರೆ, ತಡವರಿಸಿದ ಗೆರೆ, ಎರಡು ಸಲ ಹಾಕಿದ ಕಣ್ಣಿನ ಗೆರೆ ಎಲ್ಲವೂ ಕಾಣುವ ಹುಡುಗಿ. ಕಾಗದದ ಮೇಲೆ ಬಣ್ಣ ಬಳಿದಾದ ಮೇಲೆ ಹೀಗೆ ಹಿಂದಕ್ಕೆ ಹೋಗಲು ಬಾರದು. ಟ್ಯಾಬಿನಲ್ಲಿ ಬರುತ್ತದೆ. ಮಾಧ್ಯಮದ ಗುಣ ಕಥೆಯ ತಿರುವಿಗೆ ಒದಗುವುದು ಇಂಥ ಕಡೆ. ಬರಿಯ ಹೊಳಪಿಗೆ ಅದನ್ನು ಬಳಸುವವರ ಕೈಯಲ್ಲಿ ಟ್ಯಾಬು ಹಳೆಯ ಕ್ಯಾಲೆಂಡರಿನ ಅಗ್ಗದ ನಕಲಾಗಿಯೇ ಉಳಿಯುತ್ತದೆ.

ಕನ್ನಡದಲ್ಲಿ ಕಥೆಗೆ ಚಿತ್ರ ಬರೆಯುವ ಪರಂಪರೆ ದೊಡ್ಡದು. ‘ಚಂದಮಾಮ’ದಲ್ಲಿ ಎಂ.ಟಿ.ವಿ. ಆಚಾರ್ಯರು ಬರೆದದ್ದನ್ನು ನೋಡುತ್ತಲೇ ಒಂದು ತಲೆಮಾರು ಓದಲು ಕಲಿಯಿತು. ‘ಸುಧಾ’, ‘ಮಯೂರ’ಗಳಲ್ಲಿ ಚಂದ್ರನಾಥ ಆಚಾರ್ಯರ ಚಿತ್ರ ನೋಡಿ ಕಥೆಗೆ ಕಣ್ಣು ಹಾಕಿದ ಓದುಗರು ಎಷ್ಟೋ ಜನ. ಪತ್ರಿಕೆಯಲ್ಲಿ ಸಾಮಾನ್ಯವಾಗಿ ಒಂದು ಕಥೆಗೆ ಒಂದೋ ಎರಡೋ ಚಿತ್ರ. ಅದು ಓದುಗನನ್ನು ಒಳಗೆ ಕರೆದು ತಾನು ಬಾಗಿಲಲ್ಲೇ ನಿಲ್ಲುತ್ತದೆ. ಚಿತ್ರಮಾಲೆಯ ಹೊಣೆ ಬೇರೆ. ಅದು ಕಥೆಯುದ್ದಕ್ಕೂ ಜೊತೆ ನಡೆಯಬೇಕು, ಎಲ್ಲಿ ಸುಮ್ಮನಿರಬೇಕೆಂದೂ ಅರಿತಿರಬೇಕು. ಆರ್.ಕೆ. ಲಕ್ಷ್ಮಣರು ಅಣ್ಣನ ಮಾಲ್ಗುಡಿ ಕಥೆಗಳಿಗೆ ಬರೆದ ಚಿತ್ರಗಳಲ್ಲಿ ಈ ವಿವೇಕ ಎದ್ದು ಕಾಣುತ್ತದೆ. ಅಲ್ಲಿ ನಾಯಕನಿಗಿಂತ ಬೀದಿ ದೊಡ್ಡದು. ಮನುಷ್ಯ ಯಾವುದರ ನಡುವೆ ಬದುಕುತ್ತಿದ್ದಾನೆಂದು ಮೊದಲು ತಿಳಿಯುತ್ತದೆ, ಅವನ ಮುಖದ ಭಾವ ಆಮೇಲೆ. ಶಂಕರ್ ನಾಗ್ 1980ರ ದಶಕದಲ್ಲಿ ಆ ಕಥೆಗಳನ್ನು ಆಗುಂಬೆಯಲ್ಲಿ ಚಿತ್ರೀಕರಿಸಿದಾಗಲೂ ಶೀರ್ಷಿಕೆಯ ಜೊತೆ ಲಕ್ಷ್ಮಣರ ಗೆರೆಗಳನ್ನು ಇಟ್ಟುಕೊಂಡದ್ದು ಸುಮ್ಮನೆ ಅಲ್ಲ.

ನಾಗವಳ್ಳಿಯ ಬೀದಿಯನ್ನು ಎಲ್ಲಿಂದ ತರುವುದು? ಕಥೆ ನಡೆಯುವುದು ಹಳೆಯ ಮೈಸೂರು ಸೀಮೆಯಲ್ಲಿ. ಇಲ್ಲಿನ ಕಲಾವಿದ ಅದನ್ನು ಊಹೆಯಿಂದ ಬರೆಯುವುದಕ್ಕಿಂತ ತಾನು ಕಂಡ ನೆಲಕ್ಕೆ ತಂದುಕೊಳ್ಳುವುದೇ ಪ್ರಾಮಾಣಿಕ ಎಂದು ನನ್ನ ಅಭಿಪ್ರಾಯ. ಕಥೆಗೆ ಇದರಿಂದ ಅನ್ಯಾಯವಾಗದು. ದೇವರ ಹೆಸರಲ್ಲಿ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿಯ ಭಾರವನ್ನು ಉತ್ತರ ಕರ್ನಾಟಕದಷ್ಟು ಹೊತ್ತ ಸೀಮೆ ಬೇರೆ ಇಲ್ಲ. ಅದನ್ನು ನಿಷೇಧಿಸುವ ಕಾಯ್ದೆಯನ್ನು ರಾಜ್ಯ 1982ರಲ್ಲಿ ತಂದದ್ದು ಇಲ್ಲಿನ ಬದುಕನ್ನು ಕಂಡೇ.

ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋಗಿ ಬರಲಿ. ಕಲಬುರಗಿ ಬಿಟ್ಟಮೇಲೆ ತೊಗರಿ ಹೊಲಗಳ ಕಪ್ಪು ಎರೆ. ಕಮಲಾಪುರ ಹತ್ತಿರವಾದಂತೆ ನೆಲದ ಬಣ್ಣವೇ ತಿರುಗುತ್ತದೆ. ಭೌಗೋಳಿಕ ಗುರುತು ಪಡೆದ ಕೆಂಪು ಬಾಳೆ ಬೆಳೆಯುವುದು ಆ ನೆಲದಲ್ಲಿ. ಬಾಳೆ ನೀರು ಬೇಡುವ ಬೆಳೆ, ಆದ್ದರಿಂದ ಬಾವಿಯ ಜೊತೆಗೇ ಅದರ ಬಾಳು. ಈಗ ಕೊಳವೆಬಾವಿ ಬಂದಿದ್ದರೂ ಹಳೆಯ ತೆರೆದ ಬಾವಿಯ ಕಟ್ಟೆ, ಒಳಗಿಳಿಯುವ ಮೆಟ್ಟಿಲು ಹೇಗಿರುತ್ತವೆಂದು ಈ ಸೀಮೆಯ ತೋಟಗಳಲ್ಲಿ ನೋಡಿಯೇ ತಿಳಿಯಬೇಕು. ಶ್ರೀಮಂತರ ಹಣ್ಣು ಎಂದು ಹೆಸರಾದ ಈ ಬಾಳೆಯ ಗೊನೆಯನ್ನು ಕರಿಯಪ್ಪನ ಪಡಸಾಲೆಯ ತೊಲೆಗೆ ತೂಗುಹಾಕಿದರೆ ಸಾಕು, ಮನೆಯ ಅನುಕೂಲ ಎಂಥದ್ದೆಂದು ಬೇರೆ ಹೇಳಬೇಕಿಲ್ಲ. ಬಡತನ ಅವಳನ್ನು ಬಸವಿ ಮಾಡಿದ್ದಲ್ಲ, ಉಂಡುಟ್ಟು ಸುಖವಾಗಿದ್ದ ಮನೆಯ ನಂಬಿಕೆ ಮಾಡಿದ್ದು. ಕಥೆಯ ಈ ಅಂಶವನ್ನು ಚಿತ್ರಗಳು ಸುಲಭವಾಗಿ ಮರೆಯುತ್ತವೆ. ಹರಿದ ಸೀರೆ, ಮುರಿದ ಗೋಡೆ ಬರೆದು ಕನಿಕರ ಹುಟ್ಟಿಸುವ ಚಟ ನಮ್ಮ ಚಿತ್ರಕಾರರಿಗಿದೆ.

ಮನೆಯನ್ನೂ ಇಲ್ಲಿಯದನ್ನೇ ನೋಡಿ ಬರೆಯಬೇಕು. ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಕೆಳಗೆ ಶಹಾಬಾದಿನ ಪರ್ಸಿ ಕಲ್ಲು. ಕಿಟಕಿ ಕಡಿಮೆ. ಹಗಲಿನ ಬೆಳಕು ಮಾಳಿಗೆಯ ಬೆಳಕಿಂಡಿಯಿಂದ ಕೋಲಿನಂತೆ ನೆಲಕ್ಕೆ ಬೀಳುತ್ತದೆ, ಉಳಿದದ್ದೆಲ್ಲ ತಂಪು ಕತ್ತಲೆ. ಹೊರಗೆ ಬೇಸಿಗೆಯ ಬಿಸಿಲಿಗೆ ಬಣ್ಣಗಳೇ ಬಿಳಿಚಿಕೊಂಡಿರುತ್ತವೆ. ಟ್ಯಾಬಿನ ಸಿದ್ಧ ಬಣ್ಣಪಟ್ಟಿಯಲ್ಲಿರುವ ಹೊಂಬಣ್ಣದ ಸಂಜೆ ಈ ಊರಿನ ಮಧ್ಯಾಹ್ನಕ್ಕೆ ಹೊಂದುವುದಿಲ್ಲ. ಶಿಲ್ಪ ನೋಡಲು ಬಂದವನಿಗೆ ಗುಡಿ ಬೇಕಲ್ಲ, ಅದಕ್ಕೆ ಕಾಳಗಿಯ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳಿವೆ. ಬೇಲೂರಿನ ಮದನಿಕೆಯನ್ನು ಎಲ್ಲರೂ ಬರೆದಿದ್ದಾರೆ. ಕಾಳಗಿಯ ಕಲ್ಲನ್ನು ಬರೆದವರು ಕಡಿಮೆ.

ಓದುಗ ಈ ಚಿತ್ರಗಳನ್ನು ನೋಡುವುದು ಫೋನಿನಲ್ಲಿ. ಇನ್‌ಸ್ಟಾಗ್ರಾಮ್ ಒಂದು ಸರಣಿಗೆ ಬಹಳ ಕಾಲ 10 ಚಿತ್ರಗಳ ಮಿತಿ ಇಟ್ಟಿತ್ತು, 2024ರಿಂದ ಅದು 20. ಕಥೆಯನ್ನು ಹತ್ತು ಚೌಕಕ್ಕೆ ಕೊಯ್ದು ಹಾಕಿದ ಮಾಲೆಗಳು ಘಟನೆಗೊಂದರಂತೆ ಸಾಗುತ್ತವೆ: ಬಂದ, ಕಂಡಳು, ರಾತ್ರಿಯಾಯಿತು, ಸತ್ತಳು. ಆನಂದರ ಕಥೆಯ ತೂಕವಿರುವುದು ರಾತ್ರಿಯ ಮಾತುಕತೆಯಲ್ಲಿ. 20 ಚಿತ್ರ ಸಿಗುವುದಾದರೆ 10 ಅದಕ್ಕೇ ಹೋಗಲಿ. ಒಂದೇ ಕೋಣೆ, ಒಂದೇ ದೀಪ, ಇಬ್ಬರು. ಬೆರಳು ಸರಿಸಿದಾಗಲೆಲ್ಲ ಕೋಣೆ ಅದೇ, ಆದರೆ ಇಬ್ಬರ ನಡುವಿನ ದೂರ ಬದಲಾಗುತ್ತ ಹೋಗುತ್ತದೆ. ಮೊದಲು ಅವಳು ಹತ್ತಿರ, ಅವನು ಹಿಂದೆ. ಅವನು ಉಪದೇಶಕ್ಕೆ ತೊಡಗಿದಂತೆ ಅವನ ಆಕಾರ ಬೆಳೆಯುತ್ತದೆ, ಅವಳು ಗೋಡೆಗೆ ಸರಿಯುತ್ತಾಳೆ. ಅವನಿಗೆ ತಾನು ದಯೆ ತೋರಿಸುತ್ತಿದ್ದೇನೆಂಬ ನಂಬಿಕೆ. ಚಿತ್ರದ ಅಳತೆಯಲ್ಲಿ ಓದುಗನಿಗೆ ಬೇರೆಯದೇ ಕಾಣಬೇಕು.

ಬಾವಿಯ ವಿಷಯಕ್ಕೆ ಬಂದರೆ ನಾನು ಕಟ್ಟುನಿಟ್ಟು. ನೀರಿನ ಮೇಲೆ ಹರಡಿದ ಕೂದಲು, ಮೇಲೊಂದು ಚಂದ್ರ, ತೇಲುವ ಹೂವು ಬೇಡವೇ ಬೇಡ. ಇಂಥ ಸಾವಿನ ಸಿಂಗಾರ ಅವಳನ್ನು ಮತ್ತೆ ನೋಡುವ ವಸ್ತುವನ್ನಾಗಿ ಮಾಡುತ್ತದೆ. ಆ ಬೆಳಗನ್ನು ನಿರೂಪಕ ಹೊತ್ತುಕೊಳ್ಳಬೇಕು. ಬಾವಿಯ ಸುತ್ತ ಸೇರಿದ ಜನರ ಬೆನ್ನುಗಳು, ಅವರ ಹಿಂದೆ ಒಳಗೆ ನುಗ್ಗಲಾರದೆ ನಿಂತ ಅವನು. ಅಷ್ಟು ಸಾಕು. ಅಲ್ಲಿ ಅವಳ ಮುಖ ಕಾಣಬಾರದು. ಓದುಗ ನೆನಪಿಟ್ಟುಕೊಳ್ಳಬೇಕಾದದ್ದು ಹಿಂದಿನ ರಾತ್ರಿ ಮಾತಾಡುತ್ತಿದ್ದ ಮುಖವನ್ನು.

ಅಕ್ಷರದ ಬಗ್ಗೆಯೂ ಒಂದು ದೂರಿದೆ. ತಿಂಗಳುಗಟ್ಟಲೆ ಚಿತ್ರ ಬರೆದವರು ಕೊನೆಗೆ ಕಂಪ್ಯೂಟರಿನಲ್ಲಿ ಕೈಗೆ ಸಿಕ್ಕ ಫಾಂಟಿನಲ್ಲಿ ಕಥೆಯ ಸಾಲುಗಳನ್ನು ಹಾಕಿ ಮುಗಿಸುತ್ತಾರೆ. ಒತ್ತಕ್ಷರಗಳು ಚಿತ್ರದ ಅಂಚಿಗೆ ತಾಗುತ್ತವೆ, ಸಾಲು ಎಲ್ಲೆಂದರಲ್ಲಿ ಮುರಿಯುತ್ತದೆ. ಟ್ಯಾಬಿನ ಮೇಲೆ ಮುಖ ಬರೆದ ಕೈ ಅಕ್ಷರವನ್ನೂ ಬರೆಯಬಲ್ಲದು. ಸಾಲುಗಳು ಕಡಿಮೆಯಾದಷ್ಟೂ ಒಳ್ಳೆಯದು. ಚಿತ್ರ ತೋರಿಸಿದ್ದನ್ನೇ ಕೆಳಗೆ ಮತ್ತೆ ಹೇಳುವುದು ಎರಡಕ್ಕೂ ಅವಮಾನ.

ಈ ಕಥೆ ಈಗ ಎಲ್ಲರ ಸ್ವತ್ತು. ಆನಂದರು, ಅಂದರೆ ಅಜ್ಜಂಪುರ ಸೀತಾರಾಮರು, ತೀರಿಕೊಂಡದ್ದು 1963ರಲ್ಲಿ. ನಮ್ಮ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುವುದರಿಂದ 2024ರ ಜನವರಿಯಿಂದ ಯಾರು ಬೇಕಾದರೂ ಚಿತ್ರ ಮಾಡಬಹುದು. ಮಾಸ್ತಿಯವರ ಕಥೆಗಳಿಗೆ 2046ರ ಕೊನೆಯವರೆಗೂ ಒಪ್ಪಿಗೆ ಬೇಕು. ಯಾರನ್ನೂ ಕೇಳಬೇಕಿಲ್ಲವೆಂದು ಹಳೆಯ ಕಥೆಗಳಿಗೇ ಕೈಹಾಕುವ ಅಭ್ಯಾಸ ಇದರಿಂದ ಬೆಳೆಯುತ್ತದೆ. ಚೆನ್ನಮ್ಮನನ್ನು ಹೊರಗಿನಿಂದ ಬಂದ ಗಂಡಸು ಕಂಡಷ್ಟೇ ನಾವು ಕಂಡಿದ್ದೇವೆ. ಅಂಥ ಹೆಣ್ಣುಮಕ್ಕಳ ಓಣಿಯನ್ನು ಒಳಗಿನಿಂದ ಬರೆದವರು ನಮ್ಮವರೇ ಇದ್ದರು. ಗೀತಾ ನಾಗಭೂಷಣ 1942ರಲ್ಲಿ ಇದೇ ಜಿಲ್ಲೆಯ ಸಾವಳಗಿಯಲ್ಲಿ ಹುಟ್ಟಿದವರು, ‘ಬದುಕು’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು, 2020ರಲ್ಲಿ ತೀರಿಕೊಂಡರು. ಅವರ ಕಥೆಗಳ ಹಕ್ಕು 2080ರವರೆಗೂ ಇರುತ್ತದೆ. ಅಷ್ಟು ವರ್ಷ ಕಾಯುವುದು ಬೇಡ. ಚೆನ್ನಮ್ಮನನ್ನು ಬರೆದು ಮುಗಿಸಿದ ಕಲಬುರಗಿಯ ಕಲಾವಿದರು ಹಕ್ಕುದಾರರ ಮನೆಗೆ ಹೋಗಿ, ತಮ್ಮ ಚಿತ್ರಗಳನ್ನು ಮುಂದಿಟ್ಟು, ಗೀತಕ್ಕನ ಒಂದು ಕಥೆಗೆ ಒಪ್ಪಿಗೆ ಕೇಳಲಿ.