ಎತ್ತಾಗದ ಗಂಡುಮಂಗ

ಹೋರಿಯ ಬೀಜ ಒಡೆಸಿದರೆ ಏನಾಗುತ್ತದೆಂದು ಕುರುಗೋಡು, ಸಿರುಗುಪ್ಪ ಸೀಮೆಯ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಂತಾನ ನಿಲ್ಲುತ್ತದೆ, ಸೊಕ್ಕು ಇಳಿಯುತ್ತದೆ, ಹೋರಿ ನೊಗಕ್ಕೆ ಒಗ್ಗಿ ಎತ್ತಾಗುತ್ತದೆ. ಬೀಜ, ಸೊಕ್ಕು ಎರಡೂ ಒಂದೇ ಗಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್.ಆರ್. ಮೌದ್ಗಲ್ ಗಂಡುಮಂಗಗಳ ಮೇಲೆ ನಡೆಸಿದ ಪ್ರಯೋಗಗಳು ಈ ಗಂಟನ್ನೇ ಬಿಚ್ಚಲು ಹೊರಟವು. ಬಳ್ಳಾರಿಯ ಪಾರ್ವತಿನಗರದ ಮನೆಯಲ್ಲಿ ಕೂತು ಅವನ್ನು ಓದುವಾಗ ಮೊದಲು ಮನಸ್ಸಿಗೆ ಹಿಡಿಸಿದ್ದು, ಸೊಕ್ಕು ಇಳಿಸದೆ ಬೀಜ ತಡೆಯಬಹುದೇ ಎಂಬ ಪ್ರಶ್ನೆಯ ಚೆಲುವು.

ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ವೃಷಣಕ್ಕೆ ಎರಡು ಹಾರ್ಮೋನು ಬರುತ್ತವೆ. ಎಲ್‌ಎಚ್ ಬಂದರೆ ಲೇಡಿಗ್ ಕೋಶಗಳು ಟೆಸ್ಟೋಸ್ಟೆರಾನ್ ಸುರಿಸುತ್ತವೆ. ಎಫ್‌ಎಸ್‌ಎಚ್ ಬಂದರೆ ವೀರ್ಯಾಣು ಸಾಕುವ ಸರ್ಟೋಲಿ ಕೋಶಗಳು ಚುರುಕಾಗುತ್ತವೆ. ಮೌದ್ಗಲ್ ತಂಡ ಕುರಿಯ ಎಫ್‌ಎಸ್‌ಎಚ್ ಅನ್ನು ಮಂಗಕ್ಕೆ ಚುಚ್ಚಿತು. ಹೊರಗಿನದೆಂದು ದೇಹ ಅದರ ವಿರುದ್ಧ ಪ್ರತಿಕಾಯ ಕಟ್ಟಿತು; ಆ ಪ್ರತಿಕಾಯ ಮಂಗದ ಸ್ವಂತ ಎಫ್‌ಎಸ್‌ಎಚ್ ಅನ್ನೂ ಬಾಚಿಕೊಂಡಿತು. ವೀರ್ಯಾಣುಗಳ ಎಣಿಕೆ ಕುಸಿಯಿತು, ಉಳಿದವುಗಳ ಗುಣ ಕೆಟ್ಟಿತು. ಮರಿ ಹಾಕಿದ್ದ ಹೆಣ್ಣುಗಳ ಜೊತೆ ಬಿಟ್ಟರೂ ಗರ್ಭ ಕಟ್ಟಲಿಲ್ಲ. ಟೆಸ್ಟೋಸ್ಟೆರಾನ್ ಮಾತ್ರ ಅಲುಗಲಿಲ್ಲ. ಬೀಜವಿಲ್ಲದೆಯೂ ಎತ್ತಾಗದ ಗಂಡು! ಅದೂ ಇಲಿಯಲ್ಲಲ್ಲ, ಹಂಪಿಗೆ ಹೋದವರ ಕೈಯ ಬಾಳೆಹಣ್ಣು ಕಸಿಯುವ ನಮ್ಮದೇ ಮಂಗದಲ್ಲಿ.

ಇಷ್ಟರ ಮೇಲೆ ಇದನ್ನು ಗಂಡಸರ ಗರ್ಭನಿರೋಧಕ ಲಸಿಕೆ ಎಂದು ಕರೆಯಲು ಹೊರಟದ್ದರಲ್ಲಿ ಅವಸರ ಕಾಣುತ್ತದೆ. 1997ರಲ್ಲಿ 5 ಮಂದಿ ಗಂಡಸರ ಮೇಲಿನ ಪರೀಕ್ಷೆಯ ವರದಿ ಬಂತು: ಎಣಿಕೆ ಇಳಿಯಿತು, ಸೊನ್ನೆಗೆ ಮುಟ್ಟಲಿಲ್ಲ. ಕುಟುಂಬ ಯೋಜನೆಯಲ್ಲಿ ‘ಇಳಿಯಿತು’ ಎಂದರೆ ಏನೂ ಆಗಲಿಲ್ಲ ಎಂದೇ ಲೆಕ್ಕ. ಅದೇ ವರ್ಷ ಅಮೆರಿಕದಿಂದ ಟಿ. ರಾಜೇಂದ್ರ ಕುಮಾರ್ ಮತ್ತು ಸಂಗಡಿಗರ ಇಲಿಗಳ ವರದಿ ಬಂತು. ಹುಟ್ಟಿನಿಂದಲೇ ಎಫ್‌ಎಸ್‌ಎಚ್ ಇಲ್ಲದ ಆ ಗಂಡಿಲಿಗಳ ವೃಷಣ ಚಿಕ್ಕದಾಗಿತ್ತು, ಆದರೂ ಮರಿ ಹುಟ್ಟಿದವು. ಎಫ್‌ಎಸ್‌ಎಚ್ ಹಿಡಿಯುವ ಗ್ರಾಹಕವೇ ಕೆಟ್ಟಿದ್ದ ಫಿನ್ಲೆಂಡಿನ 5 ಗಂಡಸರಲ್ಲೂ ವೀರ್ಯಾಣು ಪೂರ್ತಿ ಬತ್ತಿರಲಿಲ್ಲ.

ಹುಟ್ಟಾ ಕೊರತೆಯಿದ್ದ ದೇಹ ಬೇರೆ ದಾರಿ ಹುಡುಕಿಕೊಂಡಿರುತ್ತದೆ, ಬೆಳೆದ ಗಂಡಿಗೆ ದಿಢೀರನೆ ತಡೆ ಬಿದ್ದರೆ ಹಾಗಲ್ಲ ಎಂಬ ವಾದವಿದೆ. ಮಂಗದ ಮಟ್ಟಿಗೆ ಒಪ್ಪುತ್ತೇನೆ. ಲಸಿಕೆ ಪಡೆದ 5 ಗಂಡಸರ ಎಣಿಕೆ ನೋಡಿದ ಮೇಲೆ ಮನುಷ್ಯನ ಮಟ್ಟಿಗೆ ಒಪ್ಪಲಾರೆ. ಅಂಗಕ್ರಿಯೆಯ ಅಧ್ಯಯನವಾಗಿ ಇದು ಮೇಲ್ದರ್ಜೆಯ ಕೆಲಸ, ಲಸಿಕೆಯಾಗಿ ಅರ್ಧಕ್ಕೆ ನಿಂತದ್ದು.

ಇನ್ನೊಂದು ಮಾತು. ಬೀಜ ತಡೆದು ಟೆಸ್ಟೋಸ್ಟೆರಾನ್ ಮುಟ್ಟದ ಉಪಾಯ ಆಗಲೇ ನಮ್ಮಲ್ಲಿತ್ತು: ಗಂಡಸರ ನಸ್‌ಬಂದಿ. ಅದರಲ್ಲಿ ಕತ್ತರಿಸುವುದು ನಾಳವನ್ನಷ್ಟೆ, ವೃಷಣವನ್ನಲ್ಲ. ಆದರೂ ಬಳ್ಳಾರಿಯ ಆಸ್ಪತ್ರೆಗಳಲ್ಲಿ ಆಪರೇಷನ್ನಿಗೆ ಮಲಗುವವರು ಬಹುಪಾಲು ಹೆಂಗಸರೇ. ಗಂಡನನ್ನು ಕೇಳಿ ನೋಡಿ, ‘ನನ್ನ ಎತ್ತು ಮಾಡ್ತೀರೇನ್ರಿ’ ಅಂತಾನೆ.